ಒಂದೂವರೆ ಇಂಚಿನ ಪಾಸ್ತಾ

ಟೈಲರಮ್ಮ ಟೊಮೇಟೊಗೆ ಕೈ ಹಾಕಿದ್ದೇ ತಡ, ತರಕಾರಿಯವ ಬುಟ್ಟಿಯನ್ನೇ ತನ್ನ ಕಡೆಗೆ ಎಳೆದುಕೊಂಡ.

"ಅಡುಗೆ ಯಾವತ್ತು?"

"ನಿಮಗ್ಯಾಕೆ?"

"ಇವತ್ತಿಗಾದ್ರೆ ತಗೊಳ್ಳಿ. ಭಾನುವಾರಕ್ಕಾದ್ರೆ ಭಾನುವಾರವೇ ಬನ್ನಿ. ಶುಕ್ರವಾರದ ಹಣ್ಣನ್ನ ಭಾನುವಾರ ತಿನ್ನೋಕೆ ನಾನು ಕೊಡಲ್ಲ."

ಇಡೀ ಮಾರ್ಕೆಟ್ಟಿನಲ್ಲಿ ಬಂದ ಗಿರಾಕಿಯನ್ನು ಹೀಗೆ ಅಡ್ಡಗಟ್ಟುವ ಮಹಾನುಭಾವ ಇವನೊಬ್ಬನೇ. ಹಾಗೆಯೇ, ಹದಿನಾರು ವರ್ಷದಲ್ಲಿ ಹೊಲಿದ ಒಂದೇ ಒಂದು ಬಟ್ಟೆಯೂ ಅಳತೆ ತಪ್ಪಿತೆಂದು ವಾಪಸು ಬಾರದ ಟೈಲರ್ ಎಂದರೆ ಆ ಬೀದಿಯಲ್ಲಿ ಇವಳೊಬ್ಬಳೇ. ಬಿಗುಮಾನಕ್ಕೆ ಇಬ್ಬರಲ್ಲೂ ಕೊರತೆಯಿರಲಿಲ್ಲ.

ಅವನು ತಕ್ಕಡಿ ಒರೆಸುತ್ತ, ಅವಳ ಮುಖ ನೋಡದೆ ಹೇಳಿದ. "ಚಿಕ್ಕಮ್ಮ ಒಂದು ಸಂಬಂಧ ತಂದಿದ್ದಾರೆ. ಸೋಮವಾರ ಉತ್ತರ ಹೇಳ್ಬೇಕಂತೆ."

ಅವಳ ಎದೆ ಧಸಕ್ಕೆಂದಿತು. ಮುಖ ಮಾತ್ರ ಇಸ್ತ್ರಿ ಹಾಕಿದಂತೆಯೇ ಇತ್ತು.

"ಒಳ್ಳೇದಾಯ್ತಲ್ಲ. ಹುಡುಗಿ ಹೇಗಿದ್ದಾಳೆ?"

"ಅಡುಗೆ ತುಂಬ ಚೆನ್ನಾಗಿ ಮಾಡ್ತಾಳಂತೆ."

"ಅಡುಗೆ ಏನು ಬ್ರಹ್ಮವಿದ್ಯೆಯಾ?" ಮಾತು ಬಾಯಿ ಜಾರಿಯಾಗಿತ್ತು. "ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ. ಪಾಸ್ತಾ ಮಾಡ್ತೀನಿ. ಪ್ಯಾಕೆಟ್ಟಿಂದಲ್ಲ, ಹಿಟ್ಟು ಕಲಸಿ, ನನ್ನ ಕೈಯಾರೆ."

ತರಕಾರಿಯವ ಒಂದು ಟೊಮೇಟೊವನ್ನು ತೋಳಿಗೆ ಉಜ್ಜಿದ. ತುಟಿಯ ಒಂದೇ ಒಂದು ಮೂಲೆ ನಕ್ಕಿತು. "ಹಾಗಾದ್ರೆ ಭಾನುವಾರ ಬೆಳಿಗ್ಗೆ ಬನ್ನಿ. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಹಣ್ಣಾಗೋದನ್ನ ತೆಗೆದಿಟ್ಟಿರ್ತೀನಿ."

ಅವಳಿಗೆ ಪಾಸ್ತಾ ಬರುತ್ತಿರಲಿಲ್ಲ. ಹೋಟೆಲಿನ ಬಾಣಸಿಗನೊಬ್ಬನಿಗೆ ಬಿಳಿ ಕೋಟು ಹೊಲಿದುಕೊಟ್ಟಾಗ ಅವನು ಬಾಯಿಮಾತಿನಲ್ಲಿ ಹೇಳಿದ್ದಷ್ಟೇ ಗೊತ್ತಿತ್ತು. ಆದರೂ ಅವಳು ನಿರ್ಧಾರ ಮಾಡಿಬಿಟ್ಟಿದ್ದಳು. ಊಟ ಮುಗಿದ ಮೇಲೆ, ತಲೆ ಎತ್ತಿ, ಮನಸ್ಸಿನಲ್ಲಿ ಎರಡು ವರ್ಷದಿಂದ ಇಟ್ಟುಕೊಂಡಿದ್ದನ್ನು ಹೇಳಿಬಿಡುವುದು. ಅಡುಗೆ ಕೆಟ್ಟರೆ? ಕೆಟ್ಟ ತಟ್ಟೆಯ ಎದುರು ಕೂತು ತನ್ನನ್ನು ಮದುವೆಯಾಗು ಎನ್ನುವಷ್ಟು ಅಗ್ಗದವಳಲ್ಲ ಅವಳು. ಸೋಮವಾರ ಬರುತ್ತದೆ, ಚಿಕ್ಕಮ್ಮ ಗೆಲ್ಲುತ್ತಾಳೆ, ಅಷ್ಟೇ.

"ನಿನ್ನ ಬಿಗುಮಾನ ನಿನ್ನನ್ನೇ ತಿಂದುಹಾಕತ್ತೆ ನೋಡು," ಎಂದಿದ್ದಳು ಫೋನಿನಲ್ಲಿ ಅಕ್ಕ.

ಭಾನುವಾರ ಬೆಳಿಗ್ಗೆ ಅವನು ಏಳು ಟೊಮೇಟೊ, ಒಂದು ಗೆಡ್ಡೆ ಬೆಳ್ಳುಳ್ಳಿ, ಒಂದು ಹಿಡಿ ಬೇಸಿಲ್ ಎಲೆ ಕಟ್ಟಿಕೊಟ್ಟ. "ಎಲೇನ ಚಾಕುವಲ್ಲಿ ಹೆಚ್ಬೇಡಿ, ಕೈಯಲ್ಲಿ ಹರೀರಿ," ಎಂದ. ಅವಳು ಕೇಳದವಳಂತೆ ಹೊರಟಳು. ಮನೆಗೆ ಬಂದು ಕೈಯಲ್ಲೇ ಹರಿದಳು.

ಕಟಿಂಗ್ ಟೇಬಲ್ ತೊಳೆದು ಒರೆಸಿ, ಹಿಟ್ಟಿನ ಗುಡ್ಡೆಗೆ ಗುಳಿ ಮಾಡಿ ಮೊಟ್ಟೆ ಒಡೆದು ನಾದಿದಳು. ಹಿಟ್ಟು ಕೈಗೆ ಅಂಟಿತು, ಮುನಿಸಿಕೊಂಡಿತು, ಕೊನೆಗೆ ಮಾತು ಕೇಳಿತು. ಸ್ವಲ್ಪ ಹೊತ್ತು ಬಿಟ್ಟು ಲಟ್ಟಿಸಿದಾಗ ಮೇಜಿನ ಮೇಲೆ ಹಳದಿ ಬಟ್ಟೆ ಹಾಸಿದ ಹಾಗಿತ್ತು. ಅವಳಿಗೆ ಜೀವ ಬಂತು. ಇನ್ನು ಇದು ತನ್ನ ಕೆಲಸ!

ಒಂದು ಬೆರಳಗಲ ಕತ್ತರಿಸಬೇಕು ಎಂದಿದ್ದ ಬಾಣಸಿಗ. ಆದರೆ ನೀರಿಗೆ ಹಾಕಿದ ಮೇಲೆ ಕುಗ್ಗುತ್ತದಲ್ಲ? ನೀರು ಕಂಡ ಹತ್ತಿಬಟ್ಟೆ ಎಷ್ಟು ಕುಗ್ಗುತ್ತದೆಂದು ಅವಳಿಗಿಂತ ಯಾರಿಗೆ ಗೊತ್ತು? ಹೆಚ್ಚಿಗೆ ಬಿಟ್ಟು ಕತ್ತರಿಸುವುದು ಜಾಣತನ. ಟೇಪು ಹಿಡಿದು ಒಂದೂವರೆ ಇಂಚು ಅಗಲ ಇಟ್ಟಳು. ಅದೇ ಲೆಕ್ಕದಲ್ಲಿ ದಪ್ಪವನ್ನೂ ಧಾರಾಳವಾಗಿ ಬಿಟ್ಟಿದ್ದಳು. ಕತ್ತರಿ ಕಚಕಚನೆ ಓಡಿತು. ಗೆರೆ ಎಳೆದಂತಹ ಅಂಚುಗಳನ್ನು ನೋಡಿ ತನಗೆ ತಾನೇ ಶಹಬ್ಬಾಸ್ ಅಂದುಕೊಂಡಳು. ಅರ್ಧ ಹಿಟ್ಟು ಬಟ್ಟಲಡಿ ಉಳಿದಿತ್ತು.

ಒಂದು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ತರಕಾರಿಯವ ನೀಲಿ ಅಂಗಿ ಹಾಕಿದ್ದ, ಅವಳೇ ಹೊಲಿದದ್ದು. ಎದೆಯ ಹತ್ತಿರದ ಗುಂಡಿ ಮತ್ತೆ ಮಾಯವಾಗಿತ್ತು. ಬಿದ್ದ ಗುಂಡಿ ಹಾಕಿಸಲೆಂದು ಎರಡು ವರ್ಷದಿಂದ ಅವನು ಅವಳ ಬಳಿ ಬರುತ್ತಲೇ ಇದ್ದ.

ಅವಳು ಗತ್ತಿನಿಂದ ಪಾತ್ರೆಯ ಮುಚ್ಚಳ ತೆಗೆದಳು.

ಪಾಸ್ತಾ ಕುಗ್ಗಿರಲಿಲ್ಲ. ನೀರು ಕುಡಿದು ಉಬ್ಬಿ, ಒಂದಕ್ಕೊಂದು ಹೆಗಲು ಕೊಟ್ಟುಕೊಂಡು ಬಿದ್ದಿತ್ತು.

ಬಾಣಲೆಯಲ್ಲಿ ಟೊಮೇಟೊ ಮಾತ್ರ ಆಲಿವ್ ಎಣ್ಣೆಯಲ್ಲಿ ಘಮಘಮಿಸುತ್ತ ತನ್ನ ಮಾನ ಉಳಿಸಿಕೊಂಡಿತ್ತು. ಬೇರೆ ದಾರಿಯಿಲ್ಲದೆ ಬಡಿಸಿದಳು. ಅವನು ಫೋರ್ಕಿನಲ್ಲಿ ಒಂದು ಪಟ್ಟಿ ಎತ್ತಿದ. ಅದು ಎತ್ತಿದಷ್ಟೂ ಬಂತು.

"ಇದು ಹೊಟ್ಟೆಗೆ ಹಾಕೋದೋ, ಸೊಂಟಕ್ಕೆ ಕಟ್ಟೋದೋ?"

ಅವಳ ಕಿವಿ ಕೆಂಪಾಯಿತು. ಅವನು ಅಗಿದ. ಬಹಳ ಹೊತ್ತು ಅಗಿದ.

"ಟೊಮೇಟೊ ಅದ್ಭುತ," ಎಂದ.

"ಅದು ನಿಮ್ದೇ ಅಲ್ವಾ!"

"ಅದಕ್ಕೇ ಹೇಳಿದ್ದು."

ನಗು ಬರಬೇಕಿತ್ತು, ಬರಲಿಲ್ಲ. ನಾಳೆ ಸೋಮವಾರ. ಅವನು ಒಂದು ಪಟ್ಟಿಯನ್ನೂ ಬಿಡದೆ ತಿನ್ನುತ್ತಿದ್ದ, ಹಣೆಯಲ್ಲಿ ಬೆವರು ಬಂದರೂ ಬಿಡದೆ. ಅವನು ಕಷ್ಟಪಟ್ಟು ನುಂಗುವುದನ್ನು ಅವಳು ನೋಡುತ್ತಿದ್ದಳು. ಇಂಥವನನ್ನು ಒಂದು ತಟ್ಟೆ ಪಾಸ್ತಾಕ್ಕಾಗಿ ಬಿಟ್ಟುಕೊಡುವುದೇ?

ಅವಳು ಎದ್ದು ನಿಂತಳು. ತಲೆ ಎತ್ತಿದಳು.

"ನನ್ನ ಅಳತೆ ತಪ್ಪಿತು," ಎಂದಳು.

ಹದಿನಾರು ವರ್ಷದಲ್ಲಿ ಆ ಮಾತು ಆ ಕೋಣೆಯಲ್ಲಿ ಕೇಳಿದ್ದು ಅದೇ ಮೊದಲು. ಅವನು ಫೋರ್ಕ್ ಕೆಳಗಿಟ್ಟ.

"ಬಟ್ಟೆ ಹಾಗೆ ಕುಗ್ಗತ್ತೆ ಅಂದ್ಕೊಂಡೆ, ತಪ್ಪಿತು. ನೀವೇ ಮೊದಲು ಹೇಳ್ಲಿ ಅಂತ ಎರಡು ವರ್ಷ ಕಾದೆ, ಅದೂ ತಪ್ಪಿತು. ನಿಮ್ಮ ಗುಂಡಿಗಳೆಲ್ಲ ತಾನಾಗೇ ಬೀಳಲ್ಲ. ತಾನಾಗಿ ಬಿದ್ರೆ ದಾರ ಹಿಂಜಿರತ್ತೆ. ನಿಮ್ದು ಬ್ಲೇಡಲ್ಲಿ ಕುಯ್ದಿದ್ದು. ಮೊದಲನೇ ಗುಂಡೀಲೇ ನಂಗೆ ಗೊತ್ತಾಯ್ತು."

ಅವನ ಮುಖ ತನ್ನದೇ ಬುಟ್ಟಿಯ ಹಣ್ಣಿನ ಬಣ್ಣಕ್ಕೆ ತಿರುಗಿತು. "ಗೊತ್ತಿದ್ದೂ ಹೊಲಿದುಕೊಟ್ರಾ? ಹನ್ನೊಂದು ಗುಂಡಿ!"

"ಹದಿಮೂರು. ಪ್ರತಿ ಸಲ ಸ್ವಲ್ಪ ಸಡಿಲ ಬಿಡ್ತಿದ್ದೆ, ನೀವು ಬೇಗ ವಾಪಸ್ ಬರ್ಲಿ ಅಂತ."

ಇಬ್ಬರೂ ನಕ್ಕರು. ಅವನ ಕಣ್ಣಂಚು ಒದ್ದೆಯಾಗಿತ್ತು, ಅವಳದೂ.

"ಚಿಕ್ಕಮ್ಮನಿಗೆ ಏನು ಹೇಳ್ಲಿ?"

"ಬೇರೆ ಕಡೆ ಅಳತೆ ಕೊಟ್ಟಾಗಿದೆ ಅಂತ ಹೇಳಿ."

"ಅಳತೆ ತಗೊಂಡೇ ಇಲ್ವಲ್ಲ, ಮದುವೆ ಕೋಟಿಗೆ."

"ನಿಮ್ಮ ಅಳತೆ ನಂಗೆ ಬಾಯಿಪಾಠ."

"ಆದ್ರೂ ತಗೊಳ್ಳಿ," ಎನ್ನುತ್ತ ಅವನು ಎದ್ದ.

ಅವಳು ಕುತ್ತಿಗೆಯ ಟೇಪು ತೆಗೆದು ಅವನ ಭುಜದ ಮೇಲಿಟ್ಟಳು. ಬೇಕಿದ್ದಕ್ಕಿಂತ ನಿಧಾನವಾಗಿ ಎದೆಯ ಸುತ್ತ ತಂದಳು. ಬೆರಳುಗಳಲ್ಲಿ ಇನ್ನೂ ಬೇಸಿಲ್ಲಿನ ಪರಿಮಳವಿತ್ತು. ಅವನು ಅಲುಗದೆ ನಿಂತ.

"ಉಸಿರು ಬಿಡು," ಎಂದಳು. "ಇಲ್ದಿದ್ರೆ ಅಳತೆ ತಪ್ಪತ್ತೆ."

"ನಿನ್ನ ಅಳತೆಯೂ ತಪ್ಪತ್ತಾ?"

"ಒಂದು ಸಲ ತಪ್ಪಿದೆ," ಎಂದಳು ಟೈಲರಮ್ಮ, ಊರಿಗೆಲ್ಲ ಕೇಳಿಸಲಿ ಎಂಬಷ್ಟು ಹೆಮ್ಮೆಯಿಂದ. "ಬಾ, ಉಳಿದ ಹಿಟ್ಟು ಲಟ್ಟಿಸೋಣ. ಈ ಸಲ ಅರ್ಧ ಇಂಚು."