ಹಗ್ಗದಲ್ಲಿ ಯಾರಿದ್ದಾರೆ?

“ಹಗ್ಗ ಕಡೀತು,” ಅಂದ ಮಾಸ್ಟರ್.

ಮೇಜಿನ ಸುತ್ತ ಕೂತಿದ್ದ ಮೂವರೂ ಮುಂದಕ್ಕೆ ಬಾಗಿದರು. ಮಾಸ್ಟರ್ ದನಿ ತಗ್ಗಿಸಿದ. ಕೆಳಗೆ ಬರೀ ಬಂಡೆಗಳಂತೆ, ಮೇಲೆ ಜೋರು ಗಾಳಿಯಂತೆ. ರಾಜನ ಗೋಪುರದ ಕಿಟಕಿ ಒರೆಸಲು ಹೋಗಿದ್ದ ಕಡ್ಡಿಯ ಅಪ್ಪ ಒಂದೇ ಕೈಯಲ್ಲಿ ಗೋಡೆಯ ಕಲ್ಲು ಹಿಡಿದು ನೇತಾಡುತ್ತಿದ್ದಾನಂತೆ. ಆ ಬೆರಳುಗಳೂ ಒಂದೊಂದಾಗಿ ಜಾರುತ್ತಿವೆಯಂತೆ.

“ಕಡ್ಡಿ, ದಾಳ ನೀನೇ ಹಾಕ್ಬೇಕು. ಹತ್ತರ ಮೇಲೆ ಬಿದ್ರೆ ನಿಮ್ಮಪ್ಪ ಬದುಕ್ತಾರೆ. ಕಡಿಮೆ ಬಿದ್ರೆ…”

ಅವನು ಮೇಜಿನ ಅಂಚನ್ನು ತೋರಿಸಿದ. ಅಲ್ಲಿ ಒಂದು ದೊಡ್ಡ ಕಪ್ಪು ಕೋಟಿನ ಬಟನ್ ಅರ್ಧ ಹೊರಗೆ ಚಾಚಿಕೊಂಡು ನಿಂತಿತ್ತು. ಕತೆಯಲ್ಲಿ ಕಡ್ಡಿಯ ಅಪ್ಪ ಅಂದರೆ ಆ ಬಟನ್ನೇ.

ಕಡ್ಡಿ ಅನ್ನುವುದು ಅವಳ ನಿಜವಾದ ಹೆಸರಲ್ಲ. ತೀರಾ ಸಣಕಲಿ ಅಂತ ಯಾರೋ ಕರೆದದ್ದು, ಅಂಟಿಕೊಂಡುಬಿಟ್ಟಿತು. ಅವಳ ಅಂಗೈಯಲ್ಲಿದ್ದ ಇಪ್ಪತ್ತು ಮುಖದ ದಾಳ ಬೆವರಿಗೆ ಒದ್ದೆಯಾಗಿತ್ತು. ಬೇಡ ಅನ್ನಬೇಕು ಅಂದುಕೊಂಡಳು. ಅನ್ನದೆ ದಾಳವನ್ನೇ ಬಿಗಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ ಟೈಲರಮ್ಮ ಪರದೆ ಸರಿಸಿ ಒಳಗೆ ಬಂದರು. ಅರ್ಜೆಂಟ್ ಬಟ್ಟೆ ಬಂದಿದೆ, ಈಗಲೇ ಕತ್ತರಿಸಬೇಕು, ಮೇಜು ಖಾಲಿ ಮಾಡಿ ಅಂದರು. ಮಾಸ್ಟರ್ ಗೊಣಗುತ್ತಲೇ ಬಟನ್‌ಗಳನ್ನು ಡಬ್ಬಿಗೆ ಹಾಕಿ ನಕ್ಷೆ ಸುತ್ತಿಟ್ಟ. ಉಳಿದದ್ದು ಮುಂದಿನ ಶನಿವಾರ, ಅಲ್ಲಿಯವರೆಗೆ ನಿಮ್ಮಪ್ಪ ನೇತಾಡ್ತಾ ಇರ್ಲಿ ಅಂದ. ಎಲ್ಲರೂ ನಕ್ಕರು. ಕಡ್ಡಿಯೂ ನಕ್ಕಂತೆ ಮಾಡಿದಳು.

ಮಾಸ್ಟರ್ ಅಂದರೆ ಟೈಲರಮ್ಮನ ಮಗ, ಒಂಬತ್ತನೇ ಕ್ಲಾಸು. ಪ್ರತಿ ಶನಿವಾರ ಮಧ್ಯಾಹ್ನ ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಟ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಖಾಕಿ ಕಾಗದ ಹಾಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅವನು ಕಾಡು, ಕೋಟೆ, ನದಿ ಬರೆಯುತ್ತಾನೆ. ಆಮೇಲೆ ಕತೆ ಶುರುಮಾಡುತ್ತಾನೆ. ಉಳಿದವರು ಆ ಕತೆಯೊಳಗಿನ ಒಬ್ಬೊಬ್ಬರಾಗುತ್ತಾರೆ, ನಕ್ಷೆಯ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಬಟನ್. ಬಾಗಿಲು ಒದೆಯುತ್ತೀರೋ, ಬೀಗದ ಕೈ ಹುಡುಕುತ್ತೀರೋ, ಕಾಲಿಗೆ ಬುದ್ಧಿ ಹೇಳುತ್ತೀರೋ, ಅದು ನಿಮ್ಮಿಷ್ಟ. ಆದರೆ ಒದ್ದ ಬಾಗಿಲು ತೆರೆಯಿತೋ, ಒದ್ದವರ ಕಾಲೇ ಉಳುಕಿತೋ, ಅದನ್ನು ಹೇಳುವುದು ದಾಳ.

ಇನ್ನಿಬ್ಬರು ಆಟಗಾರರು ಕಡ್ಡಿಯ ಕ್ಲಾಸಿನವರೇ. ಒಬ್ಬಳು ಲಾಯರ್. ಆಟದ ರೂಲ್ಸೆಲ್ಲ ಅವಳಿಗೆ ಬಾಯಿಪಾಠ, ಮಾಸ್ಟರನನ್ನೇ ತಪ್ಪು ಹಿಡಿದು ನಿಲ್ಲಿಸುತ್ತಾಳೆ. ಇನ್ನೊಬ್ಬ ಬಿಸ್ಕತ್ತು. ಅವನಿಗೆ ಆ ಹೆಸರು ಯಾಕೆ ಬಂತು ಅನ್ನುವುದು ನಕ್ಷೆಯ ಮೇಲೆ ಉದುರಿದ ಪುಡಿ ನೋಡಿದರೆ ತಿಳಿಯುತ್ತದೆ.

ಮೊದಲು ಇನ್ನೊಬ್ಬ ಹುಡುಗನೂ ಇದ್ದ. ಒಮ್ಮೆ ಕತೆಯಲ್ಲಿ ಜೇಡ ಬಂದು ಅವನ ಮುಖದ ಮೇಲೆ ಹತ್ತಿದಾಗ ಅತ್ತುಬಿಟ್ಟ. ಆಟಕ್ಕೆಲ್ಲ ಅಳ್ತಾರಾ ಅಂತ ಲಾಯರ್ ಕಿಸಕ್ಕನೆ ನಕ್ಕಳು. ಮರುವಾರ ಅವನು ಬರಲಿಲ್ಲ. ಅವನ ಕುರ್ಚಿಯ ಮೇಲೆ ಈಗ ಬಟ್ಟೆಯ ಗಂಟು ಕೂತಿದೆ. ಆ ಗಂಟನ್ನು ನೋಡಿದಾಗಲೆಲ್ಲ ಕಡ್ಡಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು.

ತನ್ನ ಅಪ್ಪನನ್ನು ಈ ಆಟದೊಳಗೆ ಕರೆತಂದವಳು ಅವಳೇ. ಮೊದಲ ದಿನ ಮಾಸ್ಟರ್ ಎಲ್ಲರನ್ನೂ ಕೇಳಿದ್ದ, ಕತೆಯಲ್ಲಿ ನಿಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ. ಲಾಯರ್ ತಾನು ತಬ್ಬಲಿ ರಾಜಕುಮಾರಿ ಅಂದಳು. ಬಿಸ್ಕತ್ತು ತನಗೊಂದು ಮಾತಾಡುವ ನಾಯಿ ಇದೆ ಅಂದ. ಕಡ್ಡಿಗೆ ಏನೂ ಹೊಳೆಯಲಿಲ್ಲ. ಹೊಳೆದದ್ದು ಅಪ್ಪ ಒಬ್ಬನೇ. ಅಪ್ಪ ರಾಜನ ಗೋಪುರದ ಕಿಟಕಿ ಒರೆಸುತ್ತಾನೆ, ಹಗ್ಗದಲ್ಲಿ ಇಳಿಯುವಾಗ ಸಿಳ್ಳೆ ಹಾಕುತ್ತಾನೆ, ಎತ್ತರ ಅಂದರೆ ಅವನಿಗೆ ಭಯವೇ ಇಲ್ಲ ಅಂತೆಲ್ಲ ಹೇಳಿದಳು. ಹೇಳುವಾಗ ಹೆಮ್ಮೆಯಿಂದ ಬೀಗಿದ್ದಳು. ಮಾಸ್ಟರ್‌ಗೆ ಅದು ಎಷ್ಟು ಹಿಡಿಸಿತೆಂದರೆ, ಡಬ್ಬಿಯನ್ನೆಲ್ಲ ಜಾಲಾಡಿ ಆ ಕೋಟಿನ ಬಟನ್ ಹುಡುಕಿ ತೆಗೆದಿದ್ದ.

ರಾಜ, ಗೋಪುರ ಎರಡೂ ಸುಳ್ಳು. ಹಗ್ಗ ಮಾತ್ರ ನಿಜ. ಎತ್ತರದ ಕಟ್ಟಡಗಳ ಹೊರಗಿನ ಗಾಜು ತೊಳೆಯುವುದೇ ಅವಳ ಅಪ್ಪನ ಕೆಲಸ. ಸೊಂಟಕ್ಕೆ, ತೊಡೆಗೆ ಬೆಲ್ಟ್ ಬಿಗಿದುಕೊಂಡು, ಪಕ್ಕದಲ್ಲಿ ಬಕೆಟ್ ತೂಗುಹಾಕಿಕೊಂಡು, ತಾರಸಿಯಿಂದ ಹಗ್ಗದಲ್ಲಿ ಇಳಿಯುತ್ತಾನೆ.

ಆ ವಾರ ಕಡ್ಡಿಗೆ ಊಟ ರುಚಿಸಲಿಲ್ಲ. ಆಟ ಆಟವೇ ಅಂತ ಅವಳಿಗೂ ಗೊತ್ತು. ಆದರೂ ಬೆಳಿಗ್ಗೆ ಅಪ್ಪ ಬೂಟಿನ ದಾರ ಕಟ್ಟುವುದನ್ನು ನೋಡಿದರೆ ಆ ಕಪ್ಪು ಬಟನ್ ಕಣ್ಣಿಗೆ ಕಟ್ಟುತ್ತಿತ್ತು. ದಾಳ ಹಾಕದಿದ್ದರೆ ಅಪ್ಪ ನೇತಾಡುತ್ತಲೇ ಇರಬೇಕು. ಹಾಕಿದರೆ ಬಿದ್ದುಬಿಡಬಹುದು. ಅಲ್ಲಿ ಬಿದ್ದರೆ ಇಲ್ಲೂ ಬೀಳುತ್ತಾನೇನೋ ಅನ್ನುವ ಹುಳು ತಲೆಯೊಳಗೆ ಹೊಕ್ಕಿತ್ತು, ಎಷ್ಟು ಓಡಿಸಿದರೂ ಹೋಗಲಿಲ್ಲ.

ಗುರುವಾರ ಬೆಳಿಗ್ಗೆಯಿಂದಲೇ ಗಾಳಿ. ಅಡುಗೆಮನೆಯ ಕಿಟಕಿ ಪಟಪಟ ಬಡಿದುಕೊಳ್ಳುತ್ತಿತ್ತು. ಅಪ್ಪ ಮುಖ ತೊಳೆಯಲು ಹೋದಾಗ ಕಡ್ಡಿ ಅವನ ಚೀಲದಿಂದ ದಪ್ಪ ಗ್ಲೌಸ್ ತೆಗೆದು ತನ್ನ ಸ್ಕೂಲ್ ಬ್ಯಾಗಿನ ತಳಕ್ಕೆ ತುರುಕಿದಳು. ಗ್ಲೌಸ್ ಇಲ್ಲದಿದ್ದರೆ ಅಪ್ಪ ಕೆಲಸಕ್ಕೆ ಹೋಗುವುದಿಲ್ಲ, ಅಷ್ಟೇ ಅವಳ ಲೆಕ್ಕ.

ಅಪ್ಪ ಮಂಚದ ಕೆಳಗೆ ಹುಡುಕಿದ, ಬೀರುವಿನ ಮೇಲೆ ಹುಡುಕಿದ. ನೀನು ನೋಡಿದ್ಯಾ ಅಂತ ಕೇಳಿದ. ಕಡ್ಡಿ ಇಲ್ಲವೆಂದು ತಲೆಯಾಡಿಸಿದಳು. ಅಮ್ಮನನ್ನು ಕೇಳಿದ, ಅಮ್ಮ ನಿಮ್ಮ ಸಾಮಾನಿಗೆ ನಾನು ಕಾವಲಾ ಅಂದಳು. ಕೊನೆಗೆ ಅಪ್ಪ ಬಾಗಿಲ ಹಿಂದಿನ ಮೊಳೆಯಿಂದ ಹಳೆಯ ಜೋಡಿಯೊಂದನ್ನು ಕಿತ್ತುಕೊಂಡ. ಅವುಗಳ ಅಂಗೈ ಸವೆದು ತೂತಾಗಿತ್ತು. ಹೊತ್ತಾಯಿತು ಅನ್ನುತ್ತಾ ಅವುಗಳನ್ನೇ ಜೇಬಿಗೆ ತುರುಕಿಕೊಂಡು ಹೊರಟೇಬಿಟ್ಟ.

ಇದು ಕಡ್ಡಿಯ ಲೆಕ್ಕದಲ್ಲಿ ಇರಲಿಲ್ಲ. ಕೂಗಿ ನಿಲ್ಲಿಸೋಣ ಅಂದುಕೊಳ್ಳುವಷ್ಟರಲ್ಲಿ ಅಪ್ಪ ಬೀದಿಯ ತಿರುವು ದಾಟಿದ್ದ.

ಆ ದಿನ ಸ್ಕೂಲಿನಲ್ಲಿ ಏನು ಪಾಠವಾಯಿತೋ ಅವಳಿಗೆ ತಿಳಿಯದು. ಹೊರಗೆ ಮರಗಳು ತೊನೆದಾಡುತ್ತಿದ್ದವು. ಬ್ಯಾಗಿನ ತಳದಲ್ಲಿ ಗ್ಲೌಸ್ ಇತ್ತು. ಮಿಸ್ ಎರಡು ಸಲ ಕರೆದಾಗಲೂ ಕೇಳಿಸಲಿಲ್ಲ, ಹುಷಾರಿಲ್ವಾ ಅಂತ ಹಣೆ ಮುಟ್ಟಿ ನೋಡಿದರು. ದಾಳ ಇನ್ನೂ ಬಿದ್ದೇ ಇಲ್ಲ, ಅದಕ್ಕೂ ಮೊದಲೇ ಅಪ್ಪನ ಕೈ ಜಾರುವಂತೆ ತಾನೇ ಮಾಡಿದೆನಲ್ಲ ಅಂತ ಅವಳು ಬ್ಯಾಗನ್ನು ಕಾಲಿನಿಂದ ಬೆಂಚಿನ ಕೆಳಗೆ ಇನ್ನೂ ಒಳಕ್ಕೆ ತಳ್ಳಿದಳು.

ಸಂಜೆ ಅಪ್ಪ ಬರುವ ಹೊತ್ತಿಗೆ ಬರಲಿಲ್ಲ. ಕಡ್ಡಿ ಬಾಗಿಲಲ್ಲಿ ನಿಂತಳು. ಬಸ್ಸು ಬಂದು ಹೋಯಿತು, ಇಳಿದವರಲ್ಲಿ ಅಪ್ಪ ಇಲ್ಲ. ಇನ್ನೊಂದು ಬಂತು, ಅದರಲ್ಲೂ ಇಲ್ಲ. ಫೋನ್ ಮಾಡು ಅಂತ ಅಮ್ಮನಿಗೆ ದುಂಬಾಲು ಬಿದ್ದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಕೆಲಸದಲ್ಲಿರ್ತಾರೆ ಬಿಡು ಅಂದಳು ಅಮ್ಮ, ಆದರೆ ಆಮೇಲೆ ಅಮ್ಮನೂ ಬಂದು ಬಾಗಿಲಲ್ಲೇ ನಿಂತಳು. ಕಡ್ಡಿಗೆ ಅಮ್ಮ ಒಳಗೇ ಇರಬಾರದಿತ್ತಾ ಅನ್ನಿಸಿತು.

ಕೊನೆಗೆ ಅಪ್ಪ ಬಂದ. ಗಾಳಿ ಜೋರಾಗಿದ್ದರಿಂದ ಮಧ್ಯಾಹ್ನದವರೆಗೂ ಯಾರನ್ನೂ ಹಗ್ಗಕ್ಕೆ ಬಿಡಲಿಲ್ಲವಂತೆ, ಅದಕ್ಕೇ ತಡವಾಯಿತಂತೆ. ಫೋನ್ ಚೀಲದೊಳಗೇ ಇತ್ತಂತೆ. ನೀರಿನ ಲೋಟ ತೆಗೆದುಕೊಳ್ಳಲು ಅವನು ಕೈ ಚಾಚಿದಾಗ ಕಡ್ಡಿ ನೋಡಿದಳು. ಅಂಗೈಯ ನಡುವೆ ಚರ್ಮ ಸುಲಿದು ಕೆಂಪಾಗಿತ್ತು.

ಅವಳು ಬ್ಯಾಗಿನಿಂದ ಗ್ಲೌಸ್ ತಂದು ಅಪ್ಪನ ತೊಡೆಯ ಮೇಲಿಟ್ಟು ಗೊಳೋ ಎಂದು ಅತ್ತಳು.

ಅಪ್ಪ ಗದರಿದ. ಕೆಲಸದ ಸಾಮಾನು ಮುಟ್ಟಬಾರದು ಅಂತ ಎಷ್ಟು ಸಲ ಹೇಳಿದ್ದೀನಿ ಅಂದ. ಗದರುವಂಥದ್ದನ್ನೇ ಅವಳು ಮಾಡಿದ್ದಳು ಬಿಡಿ. ಆಮೇಲೆ ಯಾಕೆ ಹೀಗೆ ಮಾಡಿದೆ ಅಂತ ಕೇಳಿದ. ಬಿಕ್ಕುತ್ತಾ, ಹಿಂದುಮುಂದಾಗಿ, ಗೋಪುರ, ಬಟನ್, ದಾಳ ಎಲ್ಲ ಹೇಳಿದಳು. ಅಪ್ಪನಿಗೆ ಮೊದಲು ನಗು ಬಂತು. ಅವಳ ಮುಖ ನೋಡಿ ನಗು ನುಂಗಿಕೊಂಡ.

“ನಾನು ನಿಜವಾಗ್ಲೂ ಏನ್ ಕೆಲಸ ಮಾಡ್ತೀನಿ ಅಂತ ಆ ಹುಡುಗನಿಗೆ ಗೊತ್ತಾ?” ಅಂತ ಕೇಳಿದ.

ಅವನಿಗೆ ಹೇಗೆ ಗೊತ್ತಿರಬೇಕು? ಅವಳು ಹೇಳಿದ್ದು ರಾಜನ ಗೋಪುರದ ಕತೆ. ಅವನು ತೆಗೆದುಕೊಂಡದ್ದೂ ಕತೆ ಅಂತಲೇ.

“ಹಾಗಾದ್ರೆ ಹೇಳ್ಬೇಕಲ್ವಾ ಮಗಳೇ. ನಾನೂ ಜೊತೆಗೆ ಬರ್ಲಾ?”

ಬೇಡ ಅಂದಳು. ಆಮೇಲೆ ಎರಡು ದಿನ ಅವಳಿಗೆ ದಾಳದ ಭಯಕ್ಕಿಂತ ಲಾಯರ್ ನಗುವಿನ ಭಯವೇ ಹೆಚ್ಚಾಯಿತು.

ಶನಿವಾರ ಮಾಸ್ಟರ್ ಒಬ್ಬನೇ ಇರುವಾಗ ಹೇಳಿಬಿಡೋಣ ಅಂತ ಬೇಗ ಹೋದಳು. ನೋಡಿದರೆ ಲಾಯರ್ ಅವಳಿಗಿಂತ ಮೊದಲೇ ಬಂದು ಕೂತಿದ್ದಾಳೆ. ಬಿಸ್ಕತ್ತೂ ಬಂದ. ಮಾಸ್ಟರ್ ನಕ್ಷೆ ಬಿಡಿಸಿ, ಕಪ್ಪು ಬಟನ್ನನ್ನು ಜೋಪಾನವಾಗಿ ಮೇಜಿನ ಅಂಚಿಗೆ ಇಟ್ಟ. ಕಳೆದ ವಾರಕ್ಕಿಂತ ಚೂರು ಹೆಚ್ಚೇ ಹೊರಗೆ ಚಾಚಿಸಿದ. ದಾಳವನ್ನು ಅವಳ ಕಡೆ ತಳ್ಳಿದ.

ಕಡ್ಡಿ ಅದನ್ನು ಮುಟ್ಟಲಿಲ್ಲ. “ನಾನು ಹಾಕಲ್ಲ,” ಅಂದಳು. ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಹಾಕಲೇಬೇಕು, ರೂಲ್ಸ್ ಇರುವುದೇ ಹಾಗೆ ಅಂದಳು ಲಾಯರ್. ಕಡ್ಡಿ ಬಟ್ಟೆಯ ಗಂಟಿನ ಕಡೆ ನೋಡಿದಳು. ಎರಡೂ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡಳು.

“ಅದು ನಮ್ಮಪ್ಪ,” ಅಂದಳು. “ನಿಜವಾದ ಅಪ್ಪ. ನಾನು ಕಟ್ಟಿದ ಕತೆ ಅಲ್ಲ ಅದು. ಅವರು ದಿನಾ ಹಗ್ಗದಲ್ಲಿ ನೇತಾಡ್ಕೊಂಡೇ ದೊಡ್ಡ ಬಿಲ್ಡಿಂಗ್ ಗಾಜು ತೊಳೆಯೋದು. ನಂಗೆ ವಾರವೆಲ್ಲ ಭಯ ಆಯ್ತು. ನಾನು ಹಾಕಲ್ಲ.”

ಯಾರೂ ನಗಲಿಲ್ಲ. ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದ.

ಮಾಸ್ಟರನ ಮುಖ ಇಷ್ಟಗಲವಾಗಿದ್ದದ್ದು ಇಷ್ಟೇ ಇಷ್ಟಾಯಿತು. ಅವನು ಅಂಚಿನ ಬಟನ್ ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡ. “ನಂಗೆ ಗೊತ್ತಿರ್ಲಿಲ್ಲ ಕಣೇ. ನೀನು ಅಷ್ಟು ಚೆನ್ನಾಗಿ ಹೇಳಿದ್ಯಲ್ಲ, ಅದಕ್ಕೇ ಅದನ್ನ ತಗೊಂಡೆ. ನಿಂಗೆ ಖುಷಿಯಾಗುತ್ತೆ ಅಂದ್ಕೊಂಡಿದ್ದೆ.”

ಆಮೇಲೆ ಅವನು ಇನ್ನೊಂದು ವಿಷಯವನ್ನೂ ಹೇಳಿದ. ಇತ್ತೀಚೆಗೆ ಬಿಸ್ಕತ್ತು ಆಟದ ನಡುವೆ ಆಕಳಿಸುತ್ತಿದ್ದನಂತೆ, ಲಾಯರ್ ಗಡಿಯಾರ ನೋಡುತ್ತಿದ್ದಳಂತೆ. ಹೀಗೇ ಆದರೆ ಎಲ್ಲರೂ ಆ ಹುಡುಗನಂತೆ ಬರುವುದನ್ನೇ ಬಿಡುತ್ತಾರೆ ಅಂತ ಅವನಿಗೆ ದಿಗಿಲಾಗಿತ್ತಂತೆ. ಅದಕ್ಕೇ ಹಗ್ಗ ಕಡಿದನಂತೆ. ಮಾಸ್ಟರ್‌ಗೂ ದಿಗಿಲಾಗುತ್ತದೆ ಅಂತ ಕಡ್ಡಿ ಯಾವತ್ತೂ ಅಂದುಕೊಂಡಿರಲಿಲ್ಲ.

“ಸರಿ, ನೀವೇ ಹೇಳಿ,” ಅಂದ ಅವನು. “ಎಷ್ಟು ಭಯ ಬೇಕು? ಏನು ಬೇಡವೇ ಬೇಡ?”

ಬಿಸ್ಕತ್ತು ಬಾಯಲ್ಲಿದ್ದದ್ದನ್ನು ಗುಳಕ್ಕನೆ ನುಂಗಿ, ನನ್ನ ನಾಯಿ ಸಾಯಬಾರದು, ಗಾಯ ಆದ್ರೆ ಪರವಾಗಿಲ್ಲ ಅಂದ. ಬೀಗದ ಒಗಟುಗಳು ಸಾಕಾಗಿವೆ, ಹೊಡೆದಾಟ ಜಾಸ್ತಿ ಇರಲಿ, ಆಕಳಿಕೆ ಅದಕ್ಕೇ ಬರುವುದು ಅಂತಲೂ ಸೇರಿಸಿದ. ಲಾಯರ್ ಸೀಮೆಸುಣ್ಣದ ಚೂರನ್ನು ಉಗುರಿನಿಂದ ಕೆರೆಯುತ್ತಾ ನೆಲಮಾಳಿಗೆ ಬೇಡ ಅಂದಳು. ಬಾಗಿಲು ಮುಚ್ಚಿಕೊಂಡು ಕತ್ತಲಾಗೋದು ಬೇಡ. ಯಾಕೆ ಅಂತ ಯಾರೂ ಕೇಳಲಿಲ್ಲ. ಜೇಡ ಬಂದಾಗ ನಕ್ಕವಳು ಇವಳೇನಾ ಅಂತ ಕಡ್ಡಿ ಅವಳನ್ನೇ ನೋಡಿದಳು.

“ನಿಂಗೆ?” ಅಂದ ಮಾಸ್ಟರ್.

“ಭಯ ಇರ್ಲಿ,” ಅಂದಳು ಕಡ್ಡಿ. “ಅಪ್ಪನ್ನ ಮಾತ್ರ ಬಿಟ್ಟುಬಿಡು.”

ಆದರೆ ಲಾಯರ್ ಲಾಯರೇ. ಹಗ್ಗ ಆಗಲೇ ಕಡಿದಾಗಿದೆ, ಆದದ್ದನ್ನು ಆಗಿಲ್ಲ ಅನ್ನುವ ಹಾಗಿಲ್ಲ ಅಂದಳು. ಮಾಸ್ಟರ್ ತಲೆ ಕೆರೆದುಕೊಂಡ. “ಹಗ್ಗ ಕಡಿದದ್ದು ಹೌದು. ಆದ್ರೆ ಅದ್ರಲ್ಲಿ ಇವಳ ಅಪ್ಪ ಇರ್ಲಿಲ್ಲ. ಅವರು ಅವತ್ತು ರಜಾ ಹಾಕಿ ಮನೇಲಿದ್ರು,” ಅಂದು ಕಪ್ಪು ಬಟನ್ನನ್ನು ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದ.

“ಹಾಗಾದ್ರೆ ಹಗ್ಗದಲ್ಲಿ ಯಾರಿದ್ದಾರೆ?” ಅಂತ ಕೇಳಿದಳು ಲಾಯರ್.

ಕಡ್ಡಿ ಕೋಟೆಯ ಬಾಗಿಲಲ್ಲಿದ್ದ ತನ್ನ ಹಸಿರು ಬಟನ್ ಎತ್ತಿಕೊಂಡಳು. ಅದನ್ನು ಮೇಜಿನ ಅಂಚಿಗೆ ತಂದು, ಅರ್ಧ ಹೊರಗೆ ಚಾಚಿಕೊಳ್ಳುವಂತೆ ಇಟ್ಟಳು.

“ನಾನು,” ಅಂದಳು.

ದಾಳ ಎತ್ತಿ ಹಾಕಿದಳು. ಅದು ನದಿಯ ಮೇಲೆ ಉರುಳಿತು, ಬಿಸ್ಕತ್ತಿನ ಪುಡಿ ದಾಟಿತು, ಕಾಡಿನ ಅಂಚಿನಲ್ಲಿ ನಿಂತಿತು. ಮೂರು.

ಮಾಸ್ಟರ್ ಅವಳ ಮುಖ ನೋಡಿದ. ಹೇಳಲೋ ಬೇಡವೋ ಅಂತ ಕಣ್ಣಲ್ಲೇ ಕೇಳಿದ. ಕಡ್ಡಿ ಹೂಂ ಅಂತ ತಲೆಯಾಡಿಸಿದಳು.

“ಕೈ ಜಾರಿತು,” ಅಂದ ಅವನು.

ಅವಳ ಎದೆ ಡವಡವ ಹೊಡೆದುಕೊಂಡಿತು, ಬೆರಳೆಲ್ಲ ತಣ್ಣಗಾದವು. ವಾರವಿಡೀ ಹೀಗೇ ಹೊಡೆದುಕೊಂಡಿತ್ತು ಈ ಎದೆ. ಆದರೆ ಈಗ ಅವಳಿಗೆ ಎದ್ದು ಓಡಬೇಕು ಅನ್ನಿಸಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

“ಆಮೇಲೆ?” ಅಂತ ಕೇಳಿದಳು.