ಬೊಮ್ಮಲೆಯ ಆಟದ ಕಾಫಿ

ಏಳು ಹೊಳೆಗಳ ಆಚೆ, ಎಂಟನೆಯ ಹೊಳೆ ಹುಟ್ಟುವ ಬೆಟ್ಟದ ಬುಡದಲ್ಲಿ, ಬಹಳ ಹಿಂದೆ ಹೂವಳಿಗೆ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಎರಡು ಸೋಜಿಗಗಳಿದ್ದವು.

ಒಂದು, ಅರಮನೆಯ ಸಿಂಹಾಸನ. ಅದರ ಮೇಲೆ ಕೂತು ಅರಸ ಏನು ನುಡಿದರೂ ಆ ಮಾತಿಗೆ ಜೀವ ಬರುತ್ತಿತ್ತು. ಅದಕ್ಕೇ ಆ ವಂಶದ ಅರಸರು ಸಿಂಹಾಸನ ಏರಿದಾಗ ಬಾಯಿಗೆ ಬೀಗ ಹಾಕಿಕೊಂಡೇ ಕೂರುತ್ತಿದ್ದರು.

ಇನ್ನೊಂದು, ಬೆಟ್ಟದ ಮೇಲಿನ ತೊಟ್ಟಿಲಮ್ಮನ ಕಾಫಿ.

ತೊಟ್ಟಿಲಮ್ಮ ಮಕ್ಕಳ ದೇವತೆ. ಅವಳ ಗುಡಿಗೆ ಬೇರೆ ಪೂಜಾರಿ ಇರಲಿಲ್ಲ, ಮಕ್ಕಳೇ ಪೂಜಾರಿಗಳು. ಶುಕ್ರವಾರ ಬೆಳಗಾದರೆ ರಾಜ್ಯದ ಮಕ್ಕಳೆಲ್ಲ ಮುನ್ನೂರು ಮೆಟ್ಟಿಲನ್ನು ಓಡಿಯೇ ಹತ್ತುತ್ತಿದ್ದವು. ಗುಡಿಯ ಹಿಂದಿನ ಗಿಡಗಳ ಕಾಫಿಬೀಜ ಹುರಿದು, ಕುಟ್ಟಿ, ಬೆಲ್ಲದ ನೀರಿನಲ್ಲಿ ಕುದಿಸಿ, ತೆಂಗಿನ ಹಾಲು ಬೆರೆಸಿ, ಏಲಕ್ಕಿ ಜಜ್ಜಿ ಹಾಕಿ, ಕೊನೆಗೆ ಚಿಟಿಕೆ ಪಚ್ಚಕರ್ಪೂರ ಉದುರಿಸುತ್ತಿದ್ದವು. ಎಲ್ಲ ಅಡುಗೆ ಆಟದ ಹಾಗೆ. ಮಂತ್ರವೂ ಅವರದೇ.

"ಅಮ್ಮಾ, ಬಿಸಿ ಇದೆ, ಊದಿಕೊಂಡು ಕುಡಿ. ಬಾಯಿ ಸುಟ್ಟರೆ ನಮ್ಮನ್ನು ಬೈಬೇಡ!"

ಅಮ್ಮ ಕುಡಿದಾದ ಮೇಲೆ ತಾವು ಕುಡಿದು, ಉಳಿದದ್ದನ್ನು ಗಿಂಡಿಯಲ್ಲಿ ಊರಿಗೆ ತಂದು, ದೊಡ್ಡವರ ಅಂಗೈಗೆ ತೀರ್ಥದ ಹಾಗೆ ಒಂದೊಂದು ಉದ್ಧರಣೆ ಹಾಕುತ್ತಿದ್ದವು. ಆ ಕಾಫಿ ನಾಲಿಗೆಗೆ ಬಿದ್ದರೆ ಅವರವರ ಚಿಕ್ಕಂದಿನ ರುಚಿ ಬಾಯಿಗೆ ಬರುತ್ತಿತ್ತು. ಹಲ್ಲಿಲ್ಲದ ಮುದುಕ ದಂಡನಾಯಕ ಪ್ರತಿ ವಾರವೂ, "ಇದು ನಮ್ಮವ್ವ ಕದ್ದು ಕೊಡುತ್ತಿದ್ದ ಕೊಬ್ಬರಿ ಕಣ್ರಯ್ಯಾ!" ಎಂದು ಕಣ್ಣೊರೆಸಿಕೊಳ್ಳುತ್ತಿದ್ದ.

ಹೂವಳಿಗೆಯ ಅರಸ ತೀರಿಕೊಂಡಾಗ ಮಗ ಮಾಚರಸನಿಗೆ ಹದಿನಾರು, ಮಗಳು ಬೊಮ್ಮಲೆಗೆ ಒಂಬತ್ತು. ತಾಯಿ ಮೊದಲೇ ಇರಲಿಲ್ಲ. ತಂಗಿಗೆ ಅಣ್ಣನೇ ಎಲ್ಲ. ಮಾಚರಸ ಪಟ್ಟವೇರಿದ ತಿಂಗಳಲ್ಲೇ ಶುಷ್ಕಮತಿ ಎಂಬ ಮಾಂತ್ರಿಕ ಅರಮನೆಗೆ ಬಂದ. ಒಣಗಿದ ಹೀರೆಕಾಯಿಯಂಥ ಮೈ, ಜೇನಿನಂಥ ಮಾತು. ಭೂಮಿಯ ಮೇಲೆ ಎಲ್ಲಿ ಮಕ್ಕಳ ಆಟ ನಿಲ್ಲುತ್ತದೋ ಅಲ್ಲಿ ಅವನ ಆಯಸ್ಸು ಬೆಳೆಯುತ್ತಿತ್ತು. ಇದು ಮಾಚರಸನಿಗೆ ತಿಳಿದಿರಲಿಲ್ಲ. ಅವನಿಗೆ ತಿಳಿದದ್ದು ಇಷ್ಟೇ: ಎಲ್ಲರೂ ತನ್ನನ್ನು ಹುಡುಗ ಎನ್ನುವಾಗ ಈ ಒಬ್ಬನು ಮಾತ್ರ "ಮಹಾರಾಜಾ" ಎನ್ನುತ್ತಾನೆ.

ಒಂದು ಶುಕ್ರವಾರ ನೆರೆಯ ಮೂವರು ರಾಜರು ಸಭೆಗೆ ಬಂದಿದ್ದರು. ಮಾಚರಸ ಅಪ್ಪನ ಕಿರೀಟ ಜಾರದಂತೆ ಕತ್ತು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಅಷ್ಟರಲ್ಲಿ ಬೊಮ್ಮಲೆ ಲಂಗ ಎತ್ತಿಕಟ್ಟಿಕೊಂಡು, ಗಿಂಡಿ ಹಿಡಿದು, ಮಂತ್ರಿಗಳ ನಡುವೆ ನುಸುಳಿಕೊಂಡು ಬಂದಳು.

"ಅಣ್ಣಾ, ಕೈ ಒಡ್ಡು. ಇವತ್ತು ನಾನೇ ಮಾಡಿದ್ದು. ಕರ್ಪೂರ ಜಾಸ್ತಿ ಆಗಿದೆ, ಮುಖ ಸಿಂಡರಿಸಬಾರದು."

ರಾಜರು ನಕ್ಕರು. ಅದು ಮುದ್ದಿನ ನಗು. ಆದರೆ ಶುಷ್ಕಮತಿ ಕಿವಿಯಲ್ಲಿ, "ನಿಮ್ಮನ್ನು ನೋಡಿ ನಗುತ್ತಿದ್ದಾರೆ, ಮಹಾರಾಜಾ," ಎಂದ. ಮಾಚರಸನ ಕಿವಿ ಕೆಂಪಾಯಿತು. ಅವನು ಕೈ ಬೀಸಿದ. ಗಿಂಡಿ ಹಾರಿ ನೆಲಕ್ಕೆ ಬಿತ್ತು, ಕಾಫಿ ಬೊಮ್ಮಲೆಯ ಲಂಗದ ಮೇಲೆಲ್ಲ ಚೆಲ್ಲಿತು.

"ಹೋಗಾಚೆ! ನನಗೆ ತಂಗಿಯೇ ಇಲ್ಲ!"

ಸಿಂಹಾಸನದ ಮೇಲೆ ಆಡಿದ ಮಾತು. ಮಾತಿಗೆ ಜೀವ ಬಂತು. ಬೊಮ್ಮಲೆ ನಿಂತಲ್ಲೇ ಒಂದು ಪುನುಗಿನ ಬೆಕ್ಕಾದಳು. ಬೆಕ್ಕು ಒಂದು ಗಳಿಗೆ ಅಣ್ಣನನ್ನು ನೋಡಿ ಕಿಟಕಿಯಿಂದ ಹಾರಿಹೋಯಿತು. ಮರುಕ್ಷಣ ಅವಳು ಇದ್ದಳೆಂಬುದನ್ನೇ ಎಲ್ಲರೂ ಮರೆತರು. ಮಾಚರಸನೂ ಮರೆತ. ನೆಲದ ಮೇಲಿನ ಕಾಫಿ ನೋಡಿ, "ಯಾರು ಚೆಲ್ಲಿದ್ದು?" ಎಂದು ಕೇಳಿದವನು ಅವನೇ.

ಆಮೇಲೆ ಶುಷ್ಕಮತಿ ಹೇಳಿಕೊಟ್ಟಂತೆ ಅವನು ಸಿಂಹಾಸನದ ಮೇಲಿಂದ ಇನ್ನೂ ಮೂರು ಮಾತು ನುಡಿದ. "ಬೆಟ್ಟದ ಮೆಟ್ಟಿಲ ಮೇಲೆ ಯಾರೂ ಓಡಕೂಡದು." ಆ ಮಾತು ತೋಳವಾಗಿ ಮೊದಲನೆಯ ಮೆಟ್ಟಿಲ ಬಳಿ ಕೂತಿತು. "ಗುಡಿಯ ದಾರಿಯಲ್ಲಿ ಯಾರೂ ನಗಕೂಡದು." ಆ ಮಾತು ಕತ್ತೆಕಿರುಬವಾಗಿ ಇನ್ನೂರನೆಯ ಮೆಟ್ಟಿಲ ಬಳಿ ಕೂತಿತು. "ದೇವರೊಡನೆ ಯಾರೂ ಆಟವಾಡಕೂಡದು." ಆ ಮಾತು ಕಬ್ಬಿಣದ ಕೊಂಬಿನ ಕಾಡುಕೋಣವಾಗಿ ಗುಡಿಯ ಬಾಗಿಲಲ್ಲಿ ನಿಂತಿತು. ಮಕ್ಕಳು ಬೆಟ್ಟ ಹತ್ತುವುದನ್ನು ಬಿಟ್ಟವು. ಶುಷ್ಕಮತಿಯ ಕೆನ್ನೆಗೆ ರಕ್ತ ಬಂತು.

ಹೀಗೆ ಮೂವತ್ತೆರಡು ವರ್ಷ ಕಳೆಯಿತು.

ಮಾಚರಸ ನಲವತ್ತೆಂಟರ ಅರಸನಾದ. ಉಣ್ಣುತ್ತಿದ್ದ, ರುಚಿ ತಿಳಿಯುತ್ತಿರಲಿಲ್ಲ. ಏನನ್ನೋ ಎಲ್ಲೋ ಇಟ್ಟು ಮರೆತಂತೆ ಆಗಾಗ ಅರಮನೆಯ ಕೋಣೆಗಳಲ್ಲಿ ಸುಮ್ಮನೆ ಸುತ್ತುತ್ತಿದ್ದ.

ಆ ವರ್ಷ ಅಡುಗೆಮನೆಗೆ ಗಂಗಾಜಿ ಎಂಬ ಹೊಸ ಅಡುಗೆಯವಳು ಬಂದಳು. ಪ್ರತಿ ಶುಕ್ರವಾರ ಬೆಳಗ್ಗೆ ಅಡುಗೆಮನೆಯ ಹೊಸ್ತಿಲ ಮೇಲೆ ಒಂದು ಹಿಡಿ ಕೆಂಪು ಕಾಫಿಹಣ್ಣು ಬಿದ್ದಿರುತ್ತಿತ್ತು. ಮುಂಚಿನವರು ಗುಡಿಸಿ ಹಾಕುತ್ತಿದ್ದರು. ಗಂಗಾಜಿಗೆ ಮನಸ್ಸು ಬರಲಿಲ್ಲ. ಒಣಗಿಸಿ, ಹುರಿದು, ಕುಟ್ಟಿ, ತನ್ನಜ್ಜಿ ಹೇಳುತ್ತಿದ್ದಂತೆ ಬೆಲ್ಲ, ತೆಂಗಿನ ಹಾಲು, ಏಲಕ್ಕಿ, ಕರ್ಪೂರ ಹಾಕಿ ಅರಸನ ಮುಂದಿಟ್ಟಳು.

ಮಾಚರಸ ಒಂದು ಗುಟುಕು ಕುಡಿದ. ಲೋಟವನ್ನು ಥಟ್ಟನೆ ಕೆಳಗಿಟ್ಟ.

"ಬುದ್ಧೀ, ಕರ್ಪೂರ ಜಾಸ್ತಿ ಆಯಿತೇ?" ಎಂದು ಗಂಗಾಜಿ ಗಾಬರಿಯಾದಳು.

"ನನಗೆ ಒಬ್ಬಳು ತಂಗಿ ಇದ್ದಳು," ಎಂದ ಮಾಚರಸ. "ಬೊಮ್ಮಲೆ ಅಂತ." ಅಷ್ಟು ಹೇಳಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟ. "ಈ ಹಣ್ಣು ಯಾರು ತರುತ್ತಾರೆ?"

"ಒಂದು ಪುನುಗಿನ ಬೆಕ್ಕು, ಬುದ್ಧಿ. ಬಾಯಲ್ಲಿ ಒಂದೊಂದೇ ಕಚ್ಚಿಕೊಂಡು ಬರುತ್ತದೆ. ಬೆಟ್ಟದ ಗುಡಿಯಲ್ಲಿರುತ್ತದಂತೆ. ಅಟ್ಟಿದರೂ ಬಿಡುವುದಿಲ್ಲ."

ಮೂವತ್ತೆರಡು ವರ್ಷ ಬಂದಿದೆ. ಮೂವತ್ತೆರಡು ವರ್ಷ ಗುಡಿಸಿ ಹಾಕಿದ್ದಾರೆ.

ಮಾಚರಸ ಕತ್ತಿ ಹಿರಿದು ಶುಷ್ಕಮತಿಯ ಮುಂದೆ ನಿಂತ. ಮಾಂತ್ರಿಕ ಹೆದರಲಿಲ್ಲ.

"ನನ್ನನ್ನು ಕಡಿದರೆ ತಂಗಿ ಬರುತ್ತಾಳೆಯೇ? ಬೆಕ್ಕು ಮಾಡಿದವನು ನಾನಲ್ಲ, ನೀವು. ಸಿಂಹಾಸನದ ಮಾತನ್ನು ಸಿಂಹಾಸನದ ಒಡೆಯ ಹಿಂದಕ್ಕೆ ಪಡೆಯಲಾರ. ಇಳಿಯಬೇಕು. ಬರಿಗಾಲಲ್ಲಿ ಬೆಟ್ಟ ಹತ್ತಿ, ಆಡಿದ ಒಂದೊಂದು ಮಾತನ್ನೂ ನುಂಗಬೇಕು. ಆಮೇಲೆ ಅವಳು ನಿಮ್ಮ ಅಂಗೈಯಿಂದ ಕಾಫಿ ಕುಡಿಯಬೇಕು. ಯಾವ ಅರಸ ತಾನಾಗಿ ಇಳಿದಿದ್ದಾನೆ, ಹೇಳಿ?"

ಮಾಚರಸ ಕಿರೀಟ ತೆಗೆದು ನೆಲದ ಮೇಲಿಟ್ಟ. ಕತ್ತಿಯನ್ನೂ ಇಟ್ಟ. ಗಂಗಾಜಿಯಿಂದ ಗಿಂಡಿಯಲ್ಲಿ ಕಾಫಿ ತುಂಬಿಸಿಕೊಂಡು ಹೊರಟ.

ಮೊದಲ ಮೆಟ್ಟಿಲಲ್ಲಿ ತೋಳ ಎದ್ದು ನಿಂತಿತು. "ಮೆಲ್ಲಗೆ ನಡೆದು ಹೋಗು, ಮುಟ್ಟುವುದಿಲ್ಲ. ಓಡಿದರೆ ಸೀಳುತ್ತೇನೆ. ನೀನೇ ಆಡಿದ ಮಾತು."

ನಡೆದುಹೋಗುವುದು ಸುಲಭವಿತ್ತು. ಆದರೆ ನಡೆದರೆ ತೋಳ ಅಲ್ಲೇ ಉಳಿಯುತ್ತಿತ್ತು. "ನಾನು ಆಡಿದ್ದು ತಪ್ಪು," ಎಂದು ಹೇಳಿ ಮಾಚರಸ ಓಡಿದ. ನಲವತ್ತೆಂಟು ವರ್ಷದ ಮಂಡಿ ಕಟಕಟ ಎಂದಿತು. ಬಿಸಿ ಕಾಫಿ ತುಳುಕಿ ಕೈ ಬೊಬ್ಬೆಯೆದ್ದಿತು. ತೋಳ ಮೀನಖಂಡಕ್ಕೆ ಬಾಯಿ ಹಾಕಿತು. ಅವನು ಬಿದ್ದ, ಗಿಂಡಿಯನ್ನು ಮಾತ್ರ ಬೀಳಗೊಡಲಿಲ್ಲ. ಎದ್ದು ಮತ್ತೆ ಓಡಿದ. ನೂರನೆಯ ಮೆಟ್ಟಿಲಲ್ಲಿ ತಿರುಗಿ ನೋಡಿದರೆ ತೋಳ ಇರಲಿಲ್ಲ. ಧೂಳು ಮಾತ್ರ ಇತ್ತು.

ಇನ್ನೂರನೆಯ ಮೆಟ್ಟಿಲಲ್ಲಿ ಕತ್ತೆಕಿರುಬ ದಾರಿಗೆ ಅಡ್ಡ ಮಲಗಿತ್ತು. "ಇಲ್ಲಿ ನಕ್ಕವರು ಉಳಿಯುವುದಿಲ್ಲ. ನೀನು ನಗದಿದ್ದರೆ ನಾನು ಹೋಗುವುದಿಲ್ಲ," ಎಂದಿತು.

"ನಾನು ಆಡಿದ್ದು ತಪ್ಪು," ಎಂದು ಮಾಚರಸ ನಗಲು ನೋಡಿದ. ಹ ಹ ಎಂದ. ಸುಳ್ಳುನಗು. ಕಿರುಬ ಒಂದು ಹೆಜ್ಜೆ ಹತ್ತಿರ ಬಂತು. ಮತ್ತೆ ಹ ಹ ಎಂದ. ಇನ್ನೊಂದು ಹೆಜ್ಜೆ. ಅದರ ಉಸಿರು ಮುಖಕ್ಕೆ ತಾಗಿತು. ಆಗ ಅವನಿಗೆ ಇದೇ ಮೆಟ್ಟಿಲು ಹತ್ತಿದ ಒಂದು ಶುಕ್ರವಾರ ನೆನಪಾಯಿತು. ಬೊಮ್ಮಲೆಗೆ ಮೂರು ವರ್ಷ. ಅಣ್ಣನ ಹೆಗಲ ಮೇಲೆ ಕೂತು ಮೊದಲ ಸಲ ಗುಡಿಗೆ ಬಂದವಳು, ತೊಟ್ಟಿಲಮ್ಮನಿಗೆ ಕಾಫಿ ಕುಡಿಸಿ, ತನ್ನ ಲಂಗದಿಂದ ಕಲ್ಲಿನ ಬಾಯಿ ಒರೆಸಿ, "ಅಯ್ಯೋ ಅಣ್ಣಾ, ಅಮ್ಮ ಮೂಗಿಗೂ ಮೆತ್ತಿಕೊಂಡಿದ್ದಾಳೆ, ಕಾಫಿ ಕುಡಿಯಕ್ಕೇ ಬರಲ್ಲ ಇವಳಿಗೆ!" ಎಂದಿದ್ದಳು.

ಮಾಚರಸನಿಗೆ ನಗು ಉಕ್ಕಿ ಬಂತು. ಹೊಟ್ಟೆ ಹಿಡಿದು ನಕ್ಕ. ನಗುತ್ತಾ ನಗುತ್ತಾ ಅದು ಎಲ್ಲಿ ಅಳುವಾಯಿತೋ ಅವನಿಗೇ ತಿಳಿಯಲಿಲ್ಲ. ಕಿರುಬ ತಲೆ ಓರೆ ಮಾಡಿ, "ಇದು ನಗುವೋ ಅಳುವೋ?" ಎಂದಿತು.

"ನನಗೂ ಗೊತ್ತಿಲ್ಲ," ಎಂದ ಮಾಚರಸ. ಕಿರುಬ ಮಂಜಿನಂತೆ ಕರಗಿತು.

ಗುಡಿಯ ಬಾಗಿಲಿಗೆ ಬಂದಾಗ ಕಾಡುಕೋಣ ಕೊಂಬು ತಗ್ಗಿಸಿ, "ಒಳಗೆ ಹೋಗು. ಆಡು. ಆಡಕೂಡದೆಂದವನು ನೀನೇ, ಈಗ ಆಟ ಬರದಿದ್ದರೆ ತಿವಿಯುತ್ತೇನೆ," ಎಂದಿತು.

ಗುಡಿಯೊಳಗೆ ಧೂಳು ತುಂಬಿತ್ತು. ತೊಲೆಯ ಮೇಲೊಂದು ಪುನುಗಿನ ಬೆಕ್ಕು ಮುದುರಿ ಕೂತು ನೋಡುತ್ತಿತ್ತು. "ನಾನು ಆಡಿದ್ದು ತಪ್ಪು," ಎಂದು ಮಾಚರಸ ಅಲ್ಲೇ ಬಿದ್ದಿದ್ದ ಮಕ್ಕಳ ಲೋಟಕ್ಕೆ ಕಾಫಿ ಸುರಿದು ದೇವಿಯ ಮುಂದಿಟ್ಟು ಸ್ತೋತ್ರ ಹೇಳಿದ. ಕೊಂಬು ಬೆನ್ನಿಗೆ ತಾಗಿತು. "ಅದು ಪಾಠ, ಆಟವಲ್ಲ."

ಅವನು ನೆಲಕ್ಕೆ ಹಣೆ ಹಚ್ಚಿ, "ತಾಯೀ, ಕ್ಷಮಿಸು," ಎಂದ. ಕೊಂಬು ತಾಗಿ ಚರ್ಮ ಹರಿಯಿತು. "ಅದು ಬೇಡಿಕೆ, ಆಟವಲ್ಲ."

ಮಾಚರಸ ಆಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಲೋಟವನ್ನು ಎರಡೂ ಕೈಯಲ್ಲಿ ಎತ್ತಿ, "ಅಮ್ಮಾ, ಬಿಸಿ ಇದೆ, ಊದಿಕೊಂಡು ಕುಡಿ. ಬೇಡ ಬಿಡು, ನಾನೇ ಊದಿ ಕೊಡುತ್ತೇನೆ," ಎಂದು ಕೆನ್ನೆ ಉಬ್ಬಿಸಿ ಉಫ್ ಉಫ್ ಎಂದು ಊದಿದ.

"ಕಾಫಿ ಆಗಲೇ ಆರಿ ತಣ್ಣಗಾಗಿದೆಯಲ್ಲ," ಎಂದಿತು ಕೋಣ.

"ಶ್! ಆಟದಲ್ಲಿ ಬಿಸಿ ಇದೆ," ಎಂದ ಮಾಚರಸ.

ಹಿಂದಿನಿಂದ ಟಪ್ ಎಂದು ಸದ್ದಾಯಿತು. ಹೊಸ್ತಿಲ ಮೇಲೆ ಹೆಬ್ಬೆಟ್ಟಿನಷ್ಟು ಮಣ್ಣಿನ ಕೋಣವೊಂದು ಉರುಳಿ ಬಿದ್ದಿತ್ತು. ಅದೇ ಗಳಿಗೆಯಲ್ಲಿ ಅರಮನೆಯಲ್ಲಿ ಶುಷ್ಕಮತಿಗೆ ತಡೆದಿಟ್ಟಿದ್ದ ಮುನ್ನೂರು ವರ್ಷ ಒಟ್ಟಿಗೆ ಬಂತು. ಅವನು ಒಣಗಿ, ಪುಡಿಯಾಗಿ, ಕಾಫಿಬೀಜದ ಸಿಪ್ಪೆಯ ಹಾಗೆ ಗಾಳಿಗೆ ಹಾರಿಹೋದ.

ಮಾಚರಸ ಅಂಗೈಗೆ ಕಾಫಿ ಹಾಕಿಕೊಂಡು ತೊಲೆಯ ಕಡೆ ಚಾಚಿದ. "ನನಗೆ ಒಬ್ಬಳು ತಂಗಿ ಇದ್ದಾಳೆ," ಎಂದ. ಬೆಕ್ಕು ಇಳಿದು ಬಂತು. ಮೂಸಿತು. ಬೊಬ್ಬೆಯೆದ್ದ ಅಂಗೈಯನ್ನು ನೆಕ್ಕಿತು.

ಎದುರಿಗೆ ಬೊಮ್ಮಲೆ ನಿಂತಿದ್ದಳು. ಅದೇ ಒಂಬತ್ತು ವರ್ಷ. ಲಂಗದ ಮೇಲೆ ಕಾಫಿಯ ಕಲೆ ಇನ್ನೂ ಹಸಿ ಇತ್ತು. ಕಳೆದ ವರ್ಷಗಳೊಂದೂ ಅವಳ ಲೆಕ್ಕಕ್ಕೆ ಬಂದಿರಲಿಲ್ಲ.

"ತಾತಾ, ನಮ್ಮಣ್ಣ ಎಲ್ಲಿ?" ಎಂದಳು. "ಅವನಿಗೆ ನನ್ನ ಮೇಲೆ ಸಿಟ್ಟು. ನಾನು ರಾಜರ ಮುಂದೆ ಗಿಂಡಿ ಬೀಳಿಸಿಬಿಟ್ಟೆ."

ಮಾಚರಸ ಮಂಡಿಯೂರಿ ಕೂತ. "ನೀನು ಬೀಳಿಸಲಿಲ್ಲ ಮಗೂ. ಅವನೇ ತಳ್ಳಿದ."

"ನಿಮಗೆ ಹೇಗೆ ಗೊತ್ತು?"

"ನಾನು ಅಲ್ಲೇ ಇದ್ದೆ."

ನಾನೇ ನಿನ್ನಣ್ಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅವನ ನರೆತ ಗಡ್ಡವನ್ನೇ ನೋಡುತ್ತಿದ್ದಳು. ಮಾಚರಸ ಮಾತನ್ನು ನುಂಗಿದ. "ಏಳು ಹೊಳೆಯ ಆಚೆ ನಿನ್ನನ್ನು ಹುಡುಕಲು ಹೋಗಿದ್ದಾನೆ," ಎಂದ.

ಊರಿಗೆಲ್ಲ ನೆನಪು ಮರಳಿತ್ತು. "ನಾನೇ ಹೇಳುತ್ತೇನೆ, ನೀವು ಯಾರೂ ಹೇಳಬೇಡಿ," ಎಂದು ಮಾಚರಸ ಬೇಡಿಕೊಂಡದ್ದಕ್ಕೆ ಯಾರೂ ಬಾಯಿಬಿಡಲಿಲ್ಲ. ರಾಜ್ಯವನ್ನು ಹಿರಿಯರು ನೋಡಿಕೊಂಡರು. ಬೊಮ್ಮಲೆ ಗಂಗಾಜಿಯ ಮಡಿಲಲ್ಲಿ ಬೆಳೆದಳು. ಮಾಚರಸ ಬೆಟ್ಟದ ಬುಡದಲ್ಲಿ ಗುಡಿಸಲು ಕಟ್ಟಿಕೊಂಡು ಮಕ್ಕಳಿಗೆ ಕಾಫಿಬೀಜ ಹುರಿದು ಕೊಡುತ್ತಿದ್ದ. ಹೇಳುತ್ತೇನೆ, ಈ ಶುಕ್ರವಾರ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ಬೊಮ್ಮಲೆ ಪ್ರತಿ ಶುಕ್ರವಾರ ಅಣ್ಣನ ಪಾಲೆಂದು ಒಂದು ಉದ್ಧರಣೆ ಕಾಫಿ ತೆಗೆದಿಟ್ಟು, ಸಂಜೆಯವರೆಗೆ ದಾರಿ ನೋಡಿ, ಗಿಡದ ಬುಡಕ್ಕೆ ಚೆಲ್ಲಿ ಹೋಗುತ್ತಿದ್ದಳು. ಅವನು ಅದನ್ನು ನೋಡುತ್ತಾ ನಿಲ್ಲುತ್ತಿದ್ದ. ಒಂದು ಮಾತು ಆಡಿ ಕೆಟ್ಟವನು, ಒಂದು ಮಾತು ಆಡದೆ ಏಳು ವರ್ಷ ಕಳೆದ.

ಬೊಮ್ಮಲೆಗೆ ಹದಿನಾರು ತುಂಬಿತು. ಪಟ್ಟಕ್ಕೆ ದಿನ ಇಟ್ಟರು. ಆಗ ಮಾಚರಸ ಹೋಗಿ, ನೆಲ ನೋಡುತ್ತಾ, ಒಂದನ್ನೂ ಬಿಡದೆ ಎಲ್ಲ ಹೇಳಿದ.

ಅವಳ ಮುಖ ಬಿಳಿಚಿತು. "ತಳ್ಳಿದ್ದಕ್ಕಲ್ಲ ನನಗೆ ನೋವು," ಎಂದಳು. "ಏಳು ವರ್ಷ ನಾನು ದಾರಿ ನೋಡಿದೆ. ಪಕ್ಕದಲ್ಲೇ ನಿಂತು ನೋಡುತ್ತಿದ್ದಿರಿ." ಎದ್ದು ಒಳಗೆ ಹೋದಳು.

ನಾಲ್ಕು ದಿನ ಅವಳು ಯಾರೊಡನೆಯೂ ಮಾತಾಡಲಿಲ್ಲ. ನಾಲ್ಕು ದಿನ ಮಾಚರಸ ಒಲೆ ಹಚ್ಚಲಿಲ್ಲ. ಐದನೆಯ ದಿನ ಬೆಳಗ್ಗೆ ಅವಳು ಗುಡಿಸಲ ಬಾಗಿಲಿಗೆ ಬಂದು ನಿಂತಳು. ಕಣ್ಣು ಊದಿತ್ತು.

"ಆವತ್ತು ನಿನಗೆ ಎಷ್ಟು ವರ್ಷ?" ಎಂದಳು.

"ಹದಿನಾರು."

"ಅಂದರೆ ನನ್ನಷ್ಟೇ." ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. "ಇಷ್ಟು ಚಿಕ್ಕವನನ್ನು ಅಂಥಾ ಸಿಂಹಾಸನದ ಮೇಲೆ ಯಾಕೆ ಕೂರಿಸಿದರು, ಅಣ್ಣಾ?"

ಮಾಚರಸ ಮುಖ ಮುಚ್ಚಿಕೊಂಡು ಅತ್ತ. ಅವಳು ಪಕ್ಕದಲ್ಲಿ ಕೂತಳು.

ಆ ಸಿಂಹಾಸನವನ್ನು ಎಂಟಾಳು ಹೊತ್ತು ಹೊಳೆಯ ಮಡುವಿಗೆ ಹಾಕಿದರು. ಮೀನುಗಳು ಅದರ ಮೇಲೆ ಕೂತವು, ಮೀನಿಗೆ ಮಾತು ಬಾರದ್ದರಿಂದ ಯಾರಿಗೂ ಕೇಡಾಗಲಿಲ್ಲ. ಬೊಮ್ಮಲೆ ಹಲಸಿನ ಮಣೆಯ ಮೇಲೆ ಕೂತು ನಲವತ್ತು ವರ್ಷ ರಾಜ್ಯವಾಳಿದಳು. ಮಕ್ಕಳು ಓಡಿದವು, ನಕ್ಕವು, ದೇವಿಯ ಬಾಯಿ ಸುಟ್ಟವು. ಮಾಚರಸನೂ ಸುಖವಾಗಿಯೇ ಬಾಳಿದ. ಯಾರಾದರೂ, "ಅಣ್ಣತಂಗಿ ಒಂದಾದಿರಲ್ಲ, ಇನ್ನೇನು ಬೇಕು?" ಎಂದರೆ ತಲೆಯಾಡಿಸುತ್ತಿದ್ದ. ತಂಗಿಯ ಹತ್ತು, ಹನ್ನೊಂದು, ಹನ್ನೆರಡನೆಯ ವರ್ಷಗಳನ್ನು ಅಣ್ಣನಾಗಿ ನೋಡಬೇಕಿತ್ತು ಎಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.