ಮದರಂಗಿ ಹಚ್ಚಿದ ಅಂಗೈ

"ಎಡ ಅಂಗೈಯನ್ನು ಫಲಕದ ಮೇಲೆ ಇರಿಸಿ. ಉರಿ ಹೇಗಿದೆ, ಹೇಳಿ," ಎಂದಿತು ಕರದರ್ಪಣ.

"ತಡಿಯೋ ನಮ್ಮಪ್ಪ, ರೊಟ್ಟಿ ಬಡ್ಯಾಕತ್ತೀನಿ," ಎಂದಳು ಕಳಕವ್ವ.

ಯಂತ್ರ ಕಾಯಿತು. ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದಿನ ಖಾನಾವಳಿಯ ಅಡುಗೆಮನೆಯಲ್ಲಿ, ಉಪ್ಪಿನ ಡಬ್ಬಿಗೂ ಶೇಂಗಾ ಚಟ್ನಿಯ ಭರಣಿಗೂ ನಡುವೆ ಅದಕ್ಕೊಂದು ಜಾಗ ಸಿಕ್ಕಿತ್ತು. ಊಟದ ತಟ್ಟೆಯಷ್ಟು ಅಗಲದ ಗಾಜಿನ ಫಲಕ, ಅದಕ್ಕೆ ಅಂಟಿಕೊಂಡಂತೆ ಬೀಗವಿರುವ ಮಾತ್ರೆಯ ಪೆಟ್ಟಿಗೆ. ಕಳಕವ್ವ ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಅಂಗೈ ಇಟ್ಟಳು. ಬೆಳಕಿನ ಒಂದು ಗೆರೆ ಹಸ್ತದ ಬುಡದಿಂದ ಬೆರಳ ತುದಿಯವರೆಗೆ ಸರಿಯಿತು.

"ಉರಿ ಹೇಗಿದೆ?"

"ಏನೂ ಇಲ್ಲ."

ಅದು ಸುಳ್ಳು. ಕಳಕವ್ವ ದಿನವೂ ಅದನ್ನೇ ಹೇಳುತ್ತಿದ್ದಳು. ಆದರೂ ಬೀಗ ಟಕ್ಕೆಂದು ತೆರೆದು ಮಾತ್ರೆ ಹೊರಗೆ ಬಿತ್ತು.

ಅವಳ ಕರುಳಿನಲ್ಲಿದ್ದ ಕ್ಯಾನ್ಸರ್ ಗಡ್ಡೆಯನ್ನು ಕರಗಿಸುತ್ತಿದ್ದದ್ದು ಆ ಮಾತ್ರೆ. ಬೇಗ ಬೇಗ ಒಡೆದು ಬೆಳೆಯುವ ಕೋಶಗಳನ್ನು ಹುಡುಕಿ ಕೊಲ್ಲುವುದು ಅದರ ಕೆಲಸ. ಆದರೆ ಗಡ್ಡೆ ಯಾವುದು, ದಿನವೂ ಹೊಸದಾಗಿ ಹುಟ್ಟುವ ಅಂಗೈ ಅಂಗಾಲುಗಳ ಚರ್ಮ ಯಾವುದು ಎಂಬ ವ್ಯತ್ಯಾಸ ಅದಕ್ಕೆ ಪೂರ್ತಿ ತಿಳಿಯದು. ಹಾಗಾಗಿ ಅಂಗೈ ಕೆಂಪೇರುತ್ತದೆ, ಉರಿಯುತ್ತದೆ, ಸುಲಿಯುತ್ತದೆ, ಕೊನೆಗೆ ಬೊಬ್ಬೆಯೇಳುತ್ತದೆ. ವೈದ್ಯರು ಇದಕ್ಕೆ 'ಕೈಕಾಲುರಿ' ಎಂದು ಹೆಸರಿಟ್ಟಿದ್ದರು. ಬೊಬ್ಬೆಗೆ ನಂಜು ಹತ್ತಿದರೆ ಜೀವಕ್ಕೇ ಅಪಾಯ. ಕರದರ್ಪಣವು ಚರ್ಮದ ಕೆಂಪನ್ನು ಅಳೆದು, ಬೊಬ್ಬೆಯೇಳುವ ಮೊದಲೇ ಅದರ ಸುಳಿವು ಹಿಡಿದು, ಮಾತ್ರೆಗೆ ಬೀಗ ಹಾಕುತ್ತಿತ್ತು. ಕಳಕವ್ವನ ಪೆಟ್ಟಿಗೆಗೆ ಈಗಾಗಲೇ ಒಮ್ಮೆ ಬೀಗ ಬಿದ್ದಿತ್ತು. ಎರಡನೆಯ ಸಲ ಬಿದ್ದರೆ ಆ ಔಷಧವನ್ನೇ ಕೈಬಿಡಬೇಕೆಂಬುದು ನಿಯಮ. ಅವಳಿಗೆ ಒಗ್ಗುವ ಬೇರೆ ಔಷಧ ಉಳಿದಿರಲಿಲ್ಲ.

ಯಂತ್ರವನ್ನು ರೂಪಿಸಿದವಳು ಗದಗಿನ ಆಸ್ಪತ್ರೆಯೊಂದರ ಸಂಶೋಧಕಿ ಡಾ. ರುಕ್ಸಾನಾ ಮುದಗಲ್. ಕೈಕಾಲುರಿಗೆ ಲೇಪವನ್ನು ಸಿದ್ಧಪಡಿಸಿದವಳೂ ಅವಳೇ. ಲೋಳೆಸರದ ತಿರುಳು ಮತ್ತು ಮದರಂಗಿ ಎಲೆಯ ಸಾರ ಸೇರಿದ ಬೆಳ್ಳನೆಯ ಲೇಪ ಅದು. ಮದರಂಗಿಯ ಬಣ್ಣ ಅಂಗೈಗೆ ಹತ್ತಿದರೆ ಕರದರ್ಪಣಕ್ಕೆ ಚರ್ಮದ ನಿಜವಾದ ಕೆಂಪು ಕಾಣುವುದಿಲ್ಲ. ಆದ್ದರಿಂದ ಅವಳು ಎಲೆಯ ಬಣ್ಣದ ಅಂಶವನ್ನು ಬಹಳ ಎಚ್ಚರದಿಂದ ಸೋಸಿ ತೆಗೆದಿದ್ದಳು. ಲೇಪ ತಂಪೆನಿಸುತ್ತಿತ್ತು. ಆದರೆ ಅದರ ಗುಣ ಅವಳು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಇತ್ತು. ಯಾಕೆಂದು ಅವಳಿಗೆ ತಿಳಿದಿರಲಿಲ್ಲ.

ಎರಡು ವಾರ ಮಾತ್ರೆ, ಒಂದು ವಾರ ಬಿಡುವು, ಇದು ಚಿಕಿತ್ಸೆಯ ಒಂದು ಸುತ್ತು. ಅಂಥದೊಂದು ಬಿಡುವಿನ ವಾರದಲ್ಲಿ ಕಳಕವ್ವನ ತಂಗಿಯ ಮಗಳು ಸುಮಂಗಲಾಳ ಮದುವೆ ಬಂತು. ಮದುವೆಮನೆಯ ಪಡಸಾಲೆಯಲ್ಲಿ ಹೆಂಗಸರು ಸಾಲಾಗಿ ಕೂತು ಮದರಂಗಿ ಹಚ್ಚಿಸಿಕೊಳ್ಳುತ್ತಿದ್ದರು. ಕಳಕವ್ವ ಸುಲಿದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಮೂಲೆ ಹಿಡಿದಿದ್ದಳು.

"ದೊಡ್ಡವ್ವ, ಕೈ ತಾ."

"ಬ್ಯಾಡವಾ. ನನ್ನ ಕೈ ನೋಡಿದ್ರ ಬೀಗರು ಊಟ ಬಿಟ್ಟು ಎದ್ದಾರು."

"ಎದ್ರ ಏಳ್ಲಿ ಬಿಡು, ರೊಟ್ಟಿ ಉಳೀತಾವ," ಎಂದು ಸುಮಂಗಲಾ ಅವಳ ಎರಡೂ ಕೈ ಎಳೆದುಕೊಂಡು, ಹಿತ್ತಿಲ ಬೇಲಿಯಿಂದ ತಂದು ಅರೆದ ಎಲೆಯನ್ನು ಮಣಿಕಟ್ಟಿನವರೆಗೆ ಮೆತ್ತಿದಳು. ಅಂದು ಕಳಕವ್ವ ಬಹಳ ದಿನಗಳ ಮೇಲೆ ಕೈಗಳನ್ನು ಮರೆತು ನಿದ್ದೆ ಮಾಡಿದಳು. ಮದುವೆ ಮುಗಿದ ಮೇಲೂ ಅರೆದು ಹಚ್ಚಿಕೊಳ್ಳುತ್ತಲೇ ಇದ್ದಳು.

ಬಿಡುವಿನ ವಾರ ಕಳೆದು ಫಲಕದ ಮೇಲೆ ಕೈ ಇಟ್ಟಾಗ ಕರದರ್ಪಣ ಹಿಂದೆಂದೂ ಮಾಡದ ಸದ್ದು ಮಾಡಿತು.

"ತೀವ್ರ ಕೆಂಪು. ಮಾತ್ರೆಗೆ ಎರಡನೆಯ ಬಾರಿ ಬೀಗ ಹಾಕಲಾಗಿದೆ. ದಯವಿಟ್ಟು ಗಾಬರಿಯಾಗಬೇಡಿ."

"ಕೆಂಪಲ್ಲೋ ಮಂಗ್ಯಾ, ಮದರಂಗಿ!" ಎಂದು ಕಳಕವ್ವ ಕೂಗಿದಳು. ಯಂತ್ರಕ್ಕೆ ಆ ಪದ ಕಲಿಸಿರಲಿಲ್ಲ.

ಸುದ್ದಿ ತಲುಪಿದ ದಿನವೇ ರುಕ್ಸಾನಾ ಗಜೇಂದ್ರಗಡಕ್ಕೆ ಬಂದಳು. ಕಳಕವ್ವನ ಅಂಗೈ ಮಣ್ಣಿನ ಹೊಸ ಮಡಕೆಯ ಬಣ್ಣಕ್ಕೆ ತಿರುಗಿತ್ತು. ಅವಳು ಒತ್ತಿ ನೋಡಿದಳು, ಭೂತಗನ್ನಡಿ ಹಿಡಿದು ನೋಡಿದಳು. ಬೊಬ್ಬೆಯಿಲ್ಲ. ಆದರೆ ಒಳಗಿನ ಕೇಡು ಕಣ್ಣಿಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆಂದೇ ಅವಳು ಆ ಯಂತ್ರವನ್ನು ಮಾಡಿದ್ದು.

"ಅಂಗಡಿ ಕೋನ್ ಹಚ್ಚಿಕೊಂಡ್ರೇನು? ಅದರಾಗ ಏನೇನ ರಾಸಾಯನಿಕ ಬೆರಸಿರ್ತಾರ."

"ಇಲ್ಲವಾ ಡಾಕ್ಟರವ್ವ, ಹಿತ್ತಲದಾಗಿನ ಮದರಂಗಿ ತಪ್ಪಲ, ನಾನ ಅರದದ್ದು. ಈಗ ಬೀಗ ತಗಿರಿ. ಉರಿ ಏನೂ ಇಲ್ಲ."

"ಕೈ ಸುಲದು ರಕ್ತ ಬಂದಾಗೂ ಏನೂ ಇಲ್ಲ ಅಂದ್ರಿ. ನಿಮ್ಮ ಮಾತು ನಾ ಹೆಂಗ ನಂಬಲಿ?"

ಕಳಕವ್ವ ಅಂಗೈ ಹಿಂದಕ್ಕೆಳೆದುಕೊಂಡಳು. "ಉರಿ ಐತಿ ಅಂದ್ರ ನೀವು ಔಷಧ ನಿಲ್ಲಸ್ತಿದ್ರಿ," ಎಂದಳು. "ನನಗ ಬದುಕಬೇಕಾಗಿತ್ತು. ಇವತ್ತು ಖರೇ ಹೇಳಿದ್ರ ನೀವು ನಂಬವಲ್ರಿ."

ರುಕ್ಸಾನಾ ಮಾತ್ರೆಯ ಪೆಟ್ಟಿಗೆಯತ್ತ ತಿರುಗಿದಳು. ಬೀಗದ ಸಂಕೇತ ಅವಳಿಗೆ ಗೊತ್ತಿತ್ತು. ತೆರೆದು, ಒಳಗೆ ಚರ್ಮ ನಿಜಕ್ಕೂ ಕೆಟ್ಟಿದ್ದರೆ ನಂಜು. ತೆರೆಯದಿದ್ದರೆ ಗಡ್ಡೆ.

ಅಷ್ಟರಲ್ಲಿ ಹೊರಗಿನಿಂದ ಗಿರಾಕಿಯೊಬ್ಬ "ಅಕ್ಕಾ, ರೊಟ್ಟೀ..." ಎಂದು ರಾಗ ಎಳೆದ. ಕಳಕವ್ವ ಎದ್ದು ಹೋಗಿ ರೊಟ್ಟಿ ಹಲಗೆಯ ಮುಂದೆ ಕೂತಳು. ಬಡಿತದ ಸದ್ದು ಶುರುವಾಯಿತು. ಪಟ ಪಟ ಪಟ ಪಟ. ಒಂದೇ ಸಮನೆ, ಎಲ್ಲೂ ತಡೆಯಿಲ್ಲದೆ.

ರುಕ್ಸಾನಾ ತಲೆಯೆತ್ತಿದಳು. ಯಂತ್ರ ತಂದಿಟ್ಟ ದಿನ ಅವಳು ಇದೇ ಸದ್ದನ್ನು ಕೇಳಿದ್ದಳು. ಕರದರ್ಪಣಕ್ಕೆ ಕಿವಿಯೂ ಇತ್ತು. 'ಉರಿ ಹೇಗಿದೆ' ಎಂದು ಕೇಳಿದ ಮೇಲೆ ಉತ್ತರಕ್ಕಾಗಿ ಅದು ಕಾಯುತ್ತಿತ್ತು. ಕಳಕವ್ವ ಮಾತ್ರ ಕೈಯಲ್ಲಿದ್ದ ರೊಟ್ಟಿ ಮುಗಿಯದೆ ಎಂದೂ ಎದ್ದವಳಲ್ಲ. ಆ ನಡುವಿನ ಸದ್ದನ್ನೆಲ್ಲ 'ಅನಗತ್ಯ ಗದ್ದಲ' ಎಂದು ಸೋಸಿ ಬದಿಗಿಡುವಂತೆ ಅದಕ್ಕೆ ಕಲಿಸಿದವಳು ರುಕ್ಸಾನಾಳೇ. ಬದಿಗಿಟ್ಟದ್ದನ್ನು ಅದು ಅಳಿಸಿರಲಿಲ್ಲ.

ಅವಳು ಅದನ್ನು ತೆರೆದು ಕೇಳಿದಳು. ಚಿಕಿತ್ಸೆಯ ಮೊದಲ ದಿನ ಪಟ ಪಟ ಪಟ. ಎರಡನೆಯ ಸುತ್ತು ಆರಂಭವಾದ ದಿನ ಸ್ವಲ್ಪ ನಿಧಾನ. ಬಿಡುವಿನ ವಾರ ಕಳೆದು ಬಂದ ಪ್ರತಿ ಸುತ್ತಿನಲ್ಲೂ ಬಡಿತ ಇನ್ನಷ್ಟು ಜೋಲಿಹೊಡೆದಿತ್ತು. ಒಂದು ಕಡೆಯಂತೂ ಒಂದು ಬಡಿತ, ಒಂದು ಸುದೀರ್ಘ ಉಸಿರು, ಮತ್ತೊಂದು ಬಡಿತ. ಅದರ ಹಿಂದೆಯೇ ಕಳಕವ್ವನ ದನಿ: "ಏನೂ ಇಲ್ಲ."

ರುಕ್ಸಾನಾಳ ಕಣ್ಣು ಒದ್ದೆಯಾಯಿತು. ಅವಳು ಬಡಿತಗಳ ವೇಗವನ್ನೂ ಬಲವನ್ನೂ ಗೆರೆಯಾಗಿಸಿ, ಈಗ ಕೇಳುತ್ತಿದ್ದ ಸದ್ದಿನ ಗೆರೆಯನ್ನು ಪಕ್ಕದಲ್ಲಿ ಇಟ್ಟಳು. ಅದು ಕಾಯಿಲೆಗೆ ಮದ್ದು ಶುರುವಾದ ಮೊದಲ ದಿನದ ಗೆರೆಗೆ ಸರಿಯಾಗಿ ಕೂತಿತು. ನೋವನ್ನು ನಾಲಿಗೆ ಮುಚ್ಚಿಡಬಹುದು. ಕುದಿನೀರಲ್ಲಿ ನಾದಿದ ಬಿಸಿ ಹಿಟ್ಟನ್ನು ಬರಿ ಅಂಗೈಯಲ್ಲಿ ಬಡಿಯುವಾಗ ಮುಚ್ಚಿಡಲಾಗದು.

ಬೀಗ ಟಕ್ಕೆಂದಿತು.

"ಕಳಕವ್ವಾರ, ಮಾತ್ರೆ ತಗೋರಿ."

"ಈಗ ನಂಬಿದ್ರೇನು?"

"ನಿಮ್ಮನ್ನಲ್ಲ, ನಿಮ್ಮ ರೊಟ್ಟೀನ ನಂಬಿದೆ. ಆದ್ರ ನಾಳೆ ಕೈ ನೋಯ್ತಂದ್ರ ನನಗ ಖರೇ ಹೇಳಬೇಕು."

"ನನಗ್ಯಾಕ ಕೇಳ್ತೀರಿ? ಅದೂ ರೊಟ್ಟೀನ ಹೇಳತೈತಿ," ಎಂದು ಕಳಕವ್ವ ನಕ್ಕು, ಕೆಂಪು ಕೈಯಿಂದ ಮಾತ್ರೆ ಬಾಯಿಗೆ ಹಾಕಿಕೊಂಡಳು.

ರುಕ್ಸಾನಾ ಆ ಹಿತ್ತಿಲ ಎಲೆಯನ್ನು ಪ್ರಯೋಗಾಲಯಕ್ಕೆ ಒಯ್ದಳು. ತಿಂಗಳುಗಳ ಪರೀಕ್ಷೆಯ ನಂತರ ಕಾರಣ ತಿಳಿಯಿತು. ಮದರಂಗಿಯ ಬಣ್ಣವು ಚರ್ಮದ ಹೊರಪದರದ ಪ್ರೋಟೀನಿಗೆ ಬಿಗಿಯಾಗಿ ಅಂಟಿ, ತೆಳುವಾದ ಕವಚದಂತೆ ನಿಂತು ಉರಿಯನ್ನು ತಡೆಯುತ್ತಿತ್ತು. ಅಂದರೆ ಯಂತ್ರದ ಕಣ್ಣಿಗೆ ಅಡ್ಡವಾಗದಿರಲೆಂದು ಅವಳು ಅಷ್ಟು ಜಾಗ್ರತೆಯಿಂದ ಸೋಸಿ ಚೆಲ್ಲಿದ್ದೇ ಮದ್ದಾಗಿತ್ತು. ಎಲ್ಲರಿಗೂ ಅದು ಒಗ್ಗಲಿಲ್ಲ. ಕೆಲವರಿಗೆ ಕಡಿತ ಎದ್ದಿತು, ಅವರಿಗೆ ಬೇರೆ ದಾರಿ ಹುಡುಕಬೇಕಾಯಿತು. ಆದರೆ ಹೆಚ್ಚಿನವರು ಒಂದು ಮಾತ್ರೆಯೂ ತಪ್ಪದೆ ಚಿಕಿತ್ಸೆ ಮುಗಿಸಿದರು. ಕಳಕವ್ವನ ಕೊನೆಯ ಸ್ಕ್ಯಾನಿನಲ್ಲಿ ಗಡ್ಡೆಯಿದ್ದ ಜಾಗದಲ್ಲಿ ಒಂದು ಸಣ್ಣ ಗಾಯದ ಗುರುತು ಮಾತ್ರ ಉಳಿದಿತ್ತು. ಅಂದು ಅವಳು ಆಸ್ಪತ್ರೆಗೆಲ್ಲ ರೊಟ್ಟಿ ಎಣ್ಣೆಗಾಯಿ ಹಂಚಿದಳು.

ಹೊಸ ಕರದರ್ಪಣ ಬಣ್ಣ ನೋಡುವುದನ್ನು ಬಿಟ್ಟಿತು. "ನಿಮ್ಮ ಕೈಕೆಲಸ ಮಾಡಿ, ನಾನು ಕೇಳುತ್ತೇನೆ," ಎನ್ನುತ್ತಿತ್ತು. ದರ್ಜಿ ಕತ್ತರಿ ಆಡಿಸಿದ. ತಬಲಾ ಮಾಸ್ತರರು ಅದರ ಎದುರು ಕಛೇರಿಯನ್ನೇ ನಡೆಸಿ, ನಿಲ್ಲಿಸಲು ಒಪ್ಪಲಿಲ್ಲ. ಯಾವ ಕೈಕೆಲಸವೂ ಬಾರದ ನಿವೃತ್ತ ಹವಾಲ್ದಾರರೊಬ್ಬರು ನಾಚಿಕೊಂಡು ಚಪ್ಪಾಳೆ ತಟ್ಟಿದರು.

ಇನ್ನೊಂದು ಪರಿಣಾಮವನ್ನು ಯಾರೂ ಊಹಿಸಿರಲಿಲ್ಲ. ಮೊದಲೆಲ್ಲ ಆ ಆಸ್ಪತ್ರೆಯಲ್ಲಿ ರೋಗಿಗಳು ಕೈಗವಸಿನೊಳಗೆ, ಟವೆಲಿನೊಳಗೆ ಕೈ ಬಚ್ಚಿಟ್ಟು ಗೋಡೆ ನೋಡುತ್ತ ಕೂರುತ್ತಿದ್ದರು. ಈಗ ಬಂದವರೆಲ್ಲ ಮದರಂಗಿ ಹಚ್ಚಿಸಿಕೊಳ್ಳಲು ಸುತ್ತಲೂ ಕೂತು, ಒಬ್ಬರ ಕೈ ಇನ್ನೊಬ್ಬರು ಹಿಡಿದುಕೊಳ್ಳಬೇಕಾಯಿತು. ಜೊತೆಗೆ ಬಂದ ತಂಗಿ, ಸೊಸೆ, ಗಂಡಂದಿರೂ ಹಚ್ಚಿಸಿಕೊಂಡರು. ರೋಗಿ ಯಾರು, ನೆಂಟರು ಯಾರು ಎಂದು ಗುರುತಿಸುವುದು ನರ್ಸುಗಳಿಗೂ ಕಷ್ಟವಾಯಿತು.

ಒಂದು ಬುಧವಾರ ಬ್ಯಾಂಕಿನ ಕೆಲಸದ ಹೆಂಗಸೊಬ್ಬಳು ಕೈಗವಸು ತೊಟ್ಟು ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಮೂವತ್ತು ನಲವತ್ತು ಜನ, ಎಲ್ಲರ ಅಂಗೈ ಕೆಂಪು. ಎಲೆ ಅರೆಯಲು ವಾರಕ್ಕೊಮ್ಮೆ ಬರುತ್ತಿದ್ದ ಕಳಕವ್ವ ಒರಳಿನ ಮುಂದೆ ಕೂತಿದ್ದಳು.

"ಇದು ಆಸ್ಪತ್ರಿ ಹೌದಲ್ರೀ? ಮದವಿ ಮಂದಿ ಯಾಕ ಕುಂತಾರ?"

"ಹೌದು ಬಾರವಾ, ಎಲ್ಲಾರೂ ಬೀಗರ," ಎಂದಳು ಕಳಕವ್ವ, ಪಕ್ಕಕ್ಕೆ ಸರಿದು ಜಾಗ ಮಾಡುತ್ತ. "ಹೆಣ್ಣು ಗಂಡು ಯಾರಂತ ಇನ್ನೂ ಗೊತ್ತಾಗಿಲ್ಲ. ಕೈಗವಸ ತಗಿ, ಕೈ ತಾ."